ಸಾ ಜಾರಿದ್ದು ಯಾರಿಂದ?

ಶುಭ ಶುಕ್ರವಾರ ನಮ್ಮ ಸಭೆಯಲ್ಲಿ ಕೀಬೋರ್ಡ್ ಮುಚ್ಚಿರುತ್ತದೆ. ಕ್ವಾಯರ್ ಬರೀ ಗಂಟಲಲ್ಲಿ ಹಾಡುತ್ತದೆ. ಸೊಪ್ರಾನೊ, ಆಲ್ಟೊ, ಟೆನರ್, ಬಾಸ್, ಮೇಲಿನ ದನಿಯಿಂದ ಕೆಳಗಿನ ದನಿಯವರೆಗೆ ನಾಲ್ಕು ಪಾರ್ಟ್. ನಾನು ಆಲ್ಟೊ. ಪ್ರತಿ ವರ್ಷ ಒಂದೇ ಕಥೆ. ಶುರುವಿನಲ್ಲಿ ಪಿಚ್ ಪೈಪ್ ಊದಿ ಶ್ರುತಿ ಹಿಡಿಯುತ್ತೇವೆ. ನಾಲ್ಕನೇ ಚರಣ ಮುಗಿದ ಮೇಲೆ ಯಾರಾದರೂ ಮತ್ತೆ ಪೈಪ್ ಊದಿದರೆ ನಾವು ಕೆಳಗೆಲ್ಲೋ ಇರುತ್ತೇವೆ.

ಆಮೇಲೆ ಜಗಳ. ಬಾಸ್‌ನವರು ಸೊಪ್ರಾನೊದವರನ್ನು ದೂರುತ್ತಾರೆ. ಸೊಪ್ರಾನೊದವರು ಟೆನರ್ ಕಡೆ ಕೈ ತೋರಿಸುತ್ತಾರೆ. ಆಲ್ಟೊ ಬಗ್ಗೆ ಯಾರೂ ಮಾತಾಡುವುದಿಲ್ಲ. ನಾವಿರುವುದು ಯಾರಿಗೂ ಕೇಳಿಸುವುದೇ ಇಲ್ಲವಲ್ಲ!

ನಾನು ಕಾಲೇಜಿನಲ್ಲಿ ಫಿಸಿಕ್ಸ್ ಕಲಿಸುತ್ತೇನೆ. ಚಿಕ್ಕಂದಿನಲ್ಲಿ ಆರು ವರ್ಷ ಕರ್ನಾಟಕ ಸಂಗೀತವನ್ನೂ ಕಲಿತಿದ್ದೆ. ಪಿಎಚ್‌ಡಿಗೆ ವಿಷಯ ಹುಡುಕುತ್ತಿದ್ದಾಗ ಈ ಜಗಳವೇ ನೆನಪಾಯಿತು. ಹಾಡು ನಿಜವಾಗಿ ಎಲ್ಲಿ ಇಳಿಯುತ್ತದೆ, ಯಾಕೆ ಇಳಿಯುತ್ತದೆ? ಅಳೆದು ನೋಡೋಣ ಅಂತ ಹೊರಟೆ. ಮೊದಲು ಹೋದ ಒಂದು ವಿಭಾಗದವರು "ಇದು ಸಂಗೀತ, ಇಲ್ಲಿ ಆಗಲ್ಲ" ಅಂದರು. ಸಂಗೀತದವರು "ಇದು ಫಿಸಿಕ್ಸ್" ಅಂದರು. ಅದರಲ್ಲೇ ಒಂದು ವರ್ಷ ಹೋಯಿತು, ಅದನ್ನು ಬಿಡಿ.

ಆರಿಸಿಕೊಂಡಿದ್ದು ನಾವು ಶುಭ ಶುಕ್ರವಾರಕ್ಕೆ ಹಾಡುವ ಒಂದು ಕೊರಾಲ್. ಕೊರಾಲ್ ಅಂದರೆ ಜರ್ಮನ್ ಸಭೆಗಳಲ್ಲಿ ಎಲ್ಲರೂ ಸೇರಿ ಹಾಡಲಿ ಎಂದು ಬಂದ ಹಾಡು. 1524ರಲ್ಲಿ ಲೂಥರ್ ಕಡೆಯವರು ಅಚ್ಚು ಹಾಕಿಸಿದ ಮೊದಲ ಪುಸ್ತಕದಲ್ಲಿ ಇದ್ದದ್ದು ಎಂಟೇ ಹಾಡು. ಮೊದಲಿಗೆ ಮುಖ್ಯ ರಾಗ ಹೆಚ್ಚಾಗಿ ಟೆನರ್‌ನಲ್ಲಿ ಇರುತ್ತಿತ್ತು. ಸಭೆಯ ಕಿವಿಗೆ ಅದು ಸುಲಭವಾಗಿ ಸಿಗುತ್ತಿರಲಿಲ್ಲ. 1586ರಲ್ಲಿ ಜರ್ಮನಿಯ ವುರ್ಟೆಂಬರ್ಗ್‌ನ ಲುಕಾಸ್ ಒಸಿಯಾಂಡರ್ ಎಂಬ ಪಾದ್ರಿ ರಾಗವನ್ನು ಮೇಲಿನ ಪಾರ್ಟ್‌ಗೆ ತಂದು, ಉಳಿದ ಪಾರ್ಟ್‌ಗಳನ್ನು ಅದರ ಕೆಳಗೆ ಸೇರಿಸಿ ಪುಸ್ತಕ ಮಾಡಿದರು. ಮಂಗಳೂರಿಗೆ 1834ರಲ್ಲಿ ಬಂದ ಬಾಸೆಲ್ ಮಿಶನ್‌ಗೂ ವುರ್ಟೆಂಬರ್ಗ್‌ಗೂ ಹತ್ತಿರದ ನಂಟು. 'ಮಂಗಳೂರ ಸಮಾಚಾರ' ತೆಗೆದ ಮೋಗ್ಲಿಂಗ್ ಅಲ್ಲಿಯವರೇ. ನಮ್ಮ ಗೀತೆಗಳಲ್ಲಿ ಮಾತು ಕನ್ನಡ, ಎಷ್ಟೋ ರಾಗ ಜರ್ಮನ್ ಆಗಿರುವುದಕ್ಕೆ ಇದೇ ಕಾರಣ. ನಮ್ಮ ಅಜ್ಜಿಗೆ ಇದೆಲ್ಲ ಗೊತ್ತಿರಲಿಲ್ಲ. ಅವರ ಪಾಲಿಗೆ ಅದು ಊರಿನ ರಾಗವೇ.

ನಾನು ಹಿಡಿದ ರಾಗ ಶುರುವಿನಲ್ಲಿ ಭಕ್ತಿಗೀತೆಯೇ ಅಲ್ಲ. ಹಾನ್ಸ್ ಲಿಯೊ ಹಾಸ್ಲರ್ 1601ರಲ್ಲಿ ಅಚ್ಚು ಹಾಕಿಸಿದ ಪ್ರೇಮಗೀತೆ ಅದು. ಆಮೇಲೆ ಯೇಸುವಿನ ಮುಳ್ಳಿನ ಕಿರೀಟದ ಹಾಡಿಗೆ ಅದೇ ರಾಗ ಹೊಂದಿಕೊಂಡಿತು. ಜರ್ಮನ್ ಸಂಗೀತಗಾರ ಬಾಖ್, ಯೇಸುವಿನ ಶ್ರಮೆ-ಮರಣದ ಕಥೆ ಹೇಳುವ 'ಸೇಂಟ್ ಮ್ಯಾಥ್ಯೂ ಪ್ಯಾಶನ್'ನಲ್ಲಿ ಇದನ್ನು ಐದು ಸಲ ತಂದಿದ್ದಾನೆ. ಮೊದಲ ಎರಡು ಸಲ ನಾಲ್ಕು ಪಾರ್ಟ್‌ಗಳ ಜೋಡಣೆ ಒಂದೇ. ಆದರೆ ಎರಡನೆಯದು ಅರ್ಧ ಸ್ವರ, ಅಂದರೆ ಕೀಬೋರ್ಡ್‌ನಲ್ಲಿ ಒಂದು ಕೀಯಷ್ಟು, ಕೆಳಗಿದೆ. ಇದನ್ನು ಹೇಳಿದಾಗ ನಮ್ಮ ಟೆನರ್ ಅಂಕಲ್‌ಗೆ ಖುಷಿಯೋ ಖುಷಿ. "ನೋಡಿ, ಬಾಖ್ ಸಹ ಇಳಿಸಿದ್ದಾನೆ. ನಾವೇನು ಮಹಾ!"

ಮೊದಲ ರೆಕಾರ್ಡಿಂಗ್ ಪೂರ್ತಿ ವೇಸ್ಟ್. ಹಾಲ್‌ನ ನಡುವೆ ಸ್ಟೂಲ್ ಇಟ್ಟು ಅದರ ಮೇಲೆ ಫೋನ್ ಇಟ್ಟಿದ್ದೆ. ಎಲ್ಲರ ದನಿಯೂ ಕಲಸಿಕೊಂಡು ಬಂತು. ಯಾವ ಸ್ವರ ಯಾರದ್ದು ಎಂದು ಸಾಫ್ಟ್‌ವೇರ್‌ಗೆ ಬೇರ್ಪಡಿಸಲು ಆಗಲಿಲ್ಲ. ಆಮೇಲೆ ಪಾರ್ಟ್‌ಗೆ ಒಬ್ಬರಂತೆ ನಾಲ್ವರನ್ನು ನಿಲ್ಲಿಸಿ ಕಾಲರ್ ಮೈಕ್ ಸಿಕ್ಕಿಸಿದೆ. ಬಾಸ್‌ನವರ ದನಿ ಆಲ್ಟೊ ಮೈಕ್‌ನಲ್ಲೂ ಧಾರಾಳವಾಗಿ ಬಂತು. ಮಳೆಗಾಲ ಬೇರೆ. ಹೆಂಚಿನ ಮಾಡಿನ ಮೇಲೆ ಮಂಗಳೂರು ಮಳೆ ಬಿದ್ದರೆ ಮೈಕ್ ಏನು ಮಾಡೀತು?

ಇಂಗ್ಲೆಂಡಿನಲ್ಲಿ ಡೇವಿಡ್ ಹೊವಾರ್ಡ್ ಎಂಬ ಸಂಶೋಧಕ ಇದೇ ಪ್ರಶ್ನೆಯನ್ನು ಅಳೆದಿದ್ದರು. ನಾಲ್ವರ ಕುತ್ತಿಗೆಗೆ ಎಲೆಕ್ಟ್ರೋಡ್ ಕಟ್ಟಿ, ಗಂಟಲಿನ ಕಂಪನವನ್ನೇ ನೇರವಾಗಿ ಹಿಡಿದಿದ್ದರು. ಆ ಯಂತ್ರ ನನ್ನ ಕೈಗೆ ಎಟಕುವಂಥದ್ದಲ್ಲ. ಗಿಟಾರ್‌ಗೆ ಅಂಟಿಸುವ ಪಿಕಪ್ ಇರುತ್ತದಲ್ಲ, ಗಾಳಿಯಲ್ಲಿ ಬರುವ ಶಬ್ದಕ್ಕಿಂತ ಮುಟ್ಟಿದ ವಸ್ತುವಿನ ನಡುಕವನ್ನು ಹಿಡಿಯುವಂಥದ್ದು, ಅಂಥ ನಾಲ್ಕು ತಂದೆ. ಅಗಲ ಇಲಾಸ್ಟಿಕ್ ಪಟ್ಟಿಗೆ ಹೊಲಿದು ಗಂಟಲಿಗೆ ಕಟ್ಟಿದೆ. "ದನಕ್ಕೆ ಗಂಟೆ ಕಟ್ಟಿದ ಹಾಗಾಯ್ತು ಮಾರಾಯ್ರೆ" ಅಂದರು ಬಾಸ್‌ನವರು. ಪದಗಳು ಮೂಗಿನೊಳಗೆ ಗೊಣಗಿದ ಹಾಗೆ ಕೇಳಿಸುತ್ತಿದ್ದವು. ಆದರೆ ನನಗೆ ಬೇಕಿದ್ದದ್ದು ಪದ ಅಲ್ಲ, ಸ್ವರ. ಮಳೆಯೂ ಇಲ್ಲ, ಪಕ್ಕದವರೂ ಇಲ್ಲ. ನಾಲ್ಕು ಗಂಟಲು, ನಾಲ್ಕು ಟ್ರ್ಯಾಕ್.

ಸ್ವರ ಅಳೆಯಲು ಬಳಸಿದ್ದು ಪ್ರಾಟ್ ಎಂಬ ಉಚಿತ ಸಾಫ್ಟ್‌ವೇರ್. ಆಮ್‌ಸ್ಟರ್‌ಡ್ಯಾಮ್‌ನ ಇಬ್ಬರು ಧ್ವನಿವಿಜ್ಞಾನಿಗಳು ಮಾಡಿದ್ದು. ಅದನ್ನು ಕಣ್ಣುಮುಚ್ಚಿ ನಂಬಬಾರದು. ಎಷ್ಟು ಕೆಳಗಿನಿಂದ ಎಷ್ಟು ಮೇಲಿನವರೆಗೆ ಹುಡುಕಬೇಕು ಎಂದು ಪ್ರತಿ ಪಾರ್ಟ್‌ಗೆ ಬೇರೆ ಬೇರೆಯಾಗಿ ಹೇಳಿಕೊಡಬೇಕು. ಇಲ್ಲದಿದ್ದರೆ ಬಾಸ್‌ನ ಮಂದ್ರ ಸ್ವರವನ್ನು ಒಂದು ಸ್ಥಾಯಿ ಮೇಲೆ ತೋರಿಸಿಬಿಡುತ್ತದೆ. ಸ್ವರ ಶುರುವಾಗುವ ಜಾಗ, ಮುಗಿಯುವ ಜಾಗ ಎರಡನ್ನೂ ಬಿಟ್ಟೆ. ಅಲ್ಲಿ ಎಲ್ಲರೂ ಜಾರುತ್ತಾರೆ. ನಡುವಿನ ನಿಂತ ಭಾಗವನ್ನಷ್ಟೇ ತೆಗೆದುಕೊಂಡೆ. ಪ್ರತಿ ಸ್ವರಕ್ಕೂ ಕೈಯಿಂದಲೇ ಗೆರೆ ಎಳೆದೆ. ರಾತ್ರಿ ಮಕ್ಕಳು ಮಲಗಿದ ಮೇಲೆ ಅದೇ ಕೆಲಸ, ತಿಂಗಳುಗಟ್ಟಲೆ.

ಇನ್ನು ವಿಷಯಕ್ಕೆ ಬರುತ್ತೇನೆ. ಸರಿಗಮ ಗೊತ್ತಿದ್ದವರಿಗೆ ಇದು ಬೇಗ ಹಿಡಿಸುತ್ತದೆ.

ಒಂದು ಅರ್ಧ ಸ್ವರಕ್ಕೆ 100 ಸೆಂಟ್ಸ್ ಎಂದು ಲೆಕ್ಕ. ಕಂಪನದ ಲೆಕ್ಕದಲ್ಲಿ ಸಾ ಒಂದು ಅಂದರೆ ಪಾ 3/2, ಗಾ 5/4, ದಾ 5/3. ಸಾದಿಂದ ಪಾವರೆಗಿನ ದೂರವೇ ಒಂದು ಪಂಚಮ. ತಂಬೂರಿ ಜೊತೆ ಕುಳಿತರೆ ಇವು ತಾವಾಗೇ ಸೇರುತ್ತವೆ. ಆದರೆ ರಿ ಎಷ್ಟು? ಪಾದಿಂದ ಮತ್ತೊಂದು ಪಂಚಮ ಹತ್ತಿ, ಒಂದು ಸ್ಥಾಯಿ ಕೆಳಗೆ ಬಂದರೆ 9/8. ದಾದಿಂದ ಒಂದು ಪಂಚಮ ಇಳಿದು ಬಂದರೆ 10/9. ಮೊದಲನೆಯದು ಚತುಶ್ರುತಿ ರಿಷಭ. ಎರಡನೆಯದನ್ನು ಹಳೆಯ ಲೆಕ್ಕದವರು ತ್ರಿಶ್ರುತಿ ರಿಷಭ ಅನ್ನುತ್ತಾರೆ. ಎರಡರ ನಡುವೆ 21.5 ಸೆಂಟ್ಸ್ ಅಂತರ. ಅರ್ಧ ಸ್ವರದ ಐದನೇ ಒಂದು ಭಾಗ ಅಂದುಕೊಳ್ಳಿ.

ಒಬ್ಬರೇ ಹಾಡುವಾಗ ಇದರಿಂದ ತೊಂದರೆ ಇಲ್ಲ. ನಾಲ್ಕು ಪಾರ್ಟ್‌ನಲ್ಲಿ ಇದೆ. ಒಟ್ಟಿಗೆ ಹಾಡುವ ಸ್ವರಗಳ ಗುಂಪಿಗೆ ಕಾರ್ಡ್ (chord) ಅನ್ನುತ್ತಾರೆ. ಕೊರಾಲ್‌ನಲ್ಲಿ ಪದೇ ಪದೇ ಬರುವ ಕಾರ್ಡ್‌ಗಳ ಒಂದು ದಾರಿ ನೋಡಿ. ಸಾ-ಗಾ-ಪಾ, ಅದಾದ ಮೇಲೆ ದಾ-ಸಾ-ಗಾ, ಆಮೇಲೆ ರಿ-ಮಾ-ದಾ, ಆಮೇಲೆ ಪಾ-ನಿ-ರಿ, ಕೊನೆಗೆ ಮತ್ತೆ ಸಾ-ಗಾ-ಪಾ. ಮೂರನೇ ಕಾರ್ಡ್‌ನಲ್ಲಿ ರಿ ಹಿಡಿದವರು ದಾ ಜೊತೆ ಸೇರಬೇಕು. ಹಾಗಾಗಿ 10/9ಕ್ಕೆ ಕೂರುತ್ತಾರೆ. ಮುಂದಿನ ಕಾರ್ಡ್‌ನಲ್ಲೂ ಅವರಿಗೆ ಅದೇ ರಿ. ಸ್ವರ ಬದಲಾಗಿಲ್ಲವಲ್ಲ, ಯಾಕೆ ಅಲುಗಾಡಬೇಕು? ಈಗ ಪಾ ಹಾಡುವವರು ಆ ರಿಗೆ ಸೇರಿಸಿಕೊಂಡು ಪಾ ಹಿಡಿಯುತ್ತಾರೆ. ಆ ಪಾಗೆ ಸೇರಿಸಿಕೊಂಡು ಸಾ ಬರುತ್ತದೆ. ಒಂದು ಸುತ್ತು ಮುಗಿಯುವಷ್ಟರಲ್ಲಿ ಸಾ 21.5 ಸೆಂಟ್ಸ್ ಇಳಿದಿರುತ್ತದೆ. ಐದು ಸುತ್ತು ಹಾಡಿದರೆ ಅರ್ಧ ಸ್ವರಕ್ಕಿಂತ ಜಾಸ್ತಿ. ಇಷ್ಟರಲ್ಲಿ ಯಾರೂ ಅಪಶ್ರುತಿ ಹಾಡಿಲ್ಲ!

ಇದು ಹೊಸ ಸಂಗತಿಯೇನಲ್ಲ. ಇಟಲಿಯ ಗಣಿತಜ್ಞ ಬೆನೆಡೆಟ್ಟಿ 1585ರಲ್ಲಿ ಅಚ್ಚಾದ ಪತ್ರಗಳಲ್ಲೇ ಇಂಥ ಜಾರುವಿಕೆಯನ್ನು ಲೆಕ್ಕ ಹಾಕಿ ತೋರಿಸಿದ್ದ. ಓದಿದಾಗ ತಲೆ ಆಡಿಸಿದ್ದೆ ಅಷ್ಟೆ. ನಮ್ಮ ನಾಲ್ವರ ಗ್ರಾಫ್ ನೋಡಿದ ರಾತ್ರಿ ಮೈ ಜುಮ್ಮೆಂದಿತು. ಇದೇ ಐದು ಕಾರ್ಡ್‌ಗಳನ್ನು ಸುತ್ತು ಸುತ್ತಾಗಿ ಹಾಡಿಸಿದ್ದೆ. ಗೆರೆ ಮೆಟ್ಟಿಲು ಮೆಟ್ಟಿಲಾಗಿ ಇಳಿದಿತ್ತು. ಲೆಕ್ಕ ಹೇಳುವಷ್ಟು ಅಲ್ಲ, ಅದಕ್ಕಿಂತ ಕಡಿಮೆ. ಶುರುವಿನ ಸಾ ಎಲ್ಲರ ನೆನಪಿನಲ್ಲೂ ಸ್ವಲ್ಪ ಉಳಿದಿರುತ್ತದೆ, ಅದು ಹಿಡಿದು ಎಳೆಯುತ್ತದೆ ಎಂದು ನನ್ನ ಊಹೆ.

ನನ್ನ ಸಂಗೀತದ ಟೀಚರ್‌ಗೆ ಈಗ ಎಂಬತ್ತು ದಾಟಿದೆ. ಗ್ರಾಫ್ ತೋರಿಸಿದೆ. ಕನ್ನಡಕ ಸರಿ ಮಾಡಿಕೊಂಡು ನೋಡಿದರು. "ಎಲ್ಲಾ ಸರಿ ಮಗಾ, ನಿಮ್ಮಲ್ಲಿ ತಂಬೂರಿ ಎಲ್ಲಿ?" ಅಂದರು.

ಸರಿ, ತಂಬೂರಿ ಇಟ್ಟೇ ನೋಡೋಣ ಅಂತ ನಾಲ್ವರ ಒಂದೊಂದು ಕಿವಿಗೆ ಇಯರ್‌ಫೋನ್ ಸಿಕ್ಕಿಸಿ ಶ್ರುತಿ ಆ್ಯಪ್ ಹಾಕಿದೆ. ಸಾ ಕದಲಲಿಲ್ಲ. ಗೆರೆ ನೆಟ್ಟಗೆ ಹೋಯಿತು. ಆದರೆ ರಿ-ಮಾ-ದಾ ಬಂದಾಗಲೆಲ್ಲ ಹುಳಿ ಹುಳಿ. ದಾ ಜೊತೆ ಸೇರಿದರೆ ತಂಬೂರಿ ಒಪ್ಪುವುದಿಲ್ಲ, ತಂಬೂರಿ ಒಪ್ಪುವ ಕಡೆ ಹೋದರೆ ದಾ ಒಪ್ಪುವುದಿಲ್ಲ. ಸೊಪ್ರಾನೊದ ಅಕ್ಕ ಇಯರ್‌ಫೋನ್ ಕಿತ್ತು "ಇದು ಬೇಡ, ಮೊದಲಿನ ಹಾಗೇ ಇರಲಿ, ಇಳಿದ್ರೂ ಪರವಾಗಿಲ್ಲ" ಅಂದರು. ನನ್ನ ಪ್ರಬಂಧದ ಅರ್ಧ ಭಾಗ ಆ ಒಂದು ಮಾತಿನಲ್ಲಿತ್ತು. ಸಾ ನಿಲ್ಲಬೇಕಾದರೆ ಕಾರ್ಡ್ ಕೆಡಬೇಕು. ಕಾರ್ಡ್ ಕೂಡಬೇಕಾದರೆ ಸಾ ಜಾರಬೇಕು. ಹಾಡುವವರು ಎರಡರ ನಡುವೆ ಎಲ್ಲೋ ರಾಜಿ ಮಾಡಿಕೊಳ್ಳುತ್ತಾರೆ, ಯಾರಿಗೂ ಹೇಳದೆ.

ಆದರೆ ಇಷ್ಟಕ್ಕೇ ಮುಗಿಯಲಿಲ್ಲ. ನಿಜವಾದ ಕೊರಾಲ್‌ನ ಗ್ರಾಫ್‌ನಲ್ಲಿ ಈ ಲೆಕ್ಕಕ್ಕೆ ಸಿಗದ ಇಳಿತ ಬೇಕಾದಷ್ಟಿತ್ತು. ಅದು ಸಾಲಿನ ಕೊನೆಯಲ್ಲಿ. ಬಾಖ್‌ನ ಕೊರಾಲ್‌ಗಳಲ್ಲಿ ಪ್ರತಿ ಸಾಲಿನ ಕೊನೆಗೆ ಚುಕ್ಕಿಯ ಮೇಲೆ ಛತ್ರಿ ಹಿಡಿದಂತೆ ಒಂದು ಗುರುತು ಇರುತ್ತದೆ, ಫರ್ಮಾಟಾ. ನಾವು ಅಲ್ಲಿ ನಿಂತು ಉಸಿರು ತೆಗೆದುಕೊಳ್ಳುತ್ತೇವೆ. ಮತ್ತೆ ಶುರು ಮಾಡುವಾಗ ಸ್ವರ ಒಂದು ಕೂದಲೆಳೆ ಕೆಳಗೆ. ಬೆನೆಡೆಟ್ಟಿಯ ಲೆಕ್ಕಕ್ಕೂ ಇದಕ್ಕೂ ಸಂಬಂಧವೇ ಇಲ್ಲ. ಇದು ಉಸಿರಿನದ್ದು, ನೆನಪಿನದ್ದು. ಬರೀ ಮೊದಲಿನ ಲೆಕ್ಕವನ್ನೇ ನಂಬಿ ಕುಳಿತಿದ್ದರೆ ಮುಜುಗರಪಡಬೇಕಾಗಿತ್ತು.

ಕನ್ನಡ ಮಾತಿಗೂ ಇದರಲ್ಲಿ ಪಾಲಿದೆ. ಒಂದೇ ಸ್ವರದಲ್ಲಿ 'ಇ' ಹೇಳಿ 'ಆ'ಗೆ ಬಂದರೆ ದನಿ ತುಸು ಇಳಿಯುತ್ತದೆ. ಹಾಡಿನಲ್ಲಷ್ಟೇ ಅಲ್ಲ, ಮಾತಿನಲ್ಲೂ ಹೀಗೇ. ಇ, ಉ ತುಸು ಏರು, ಆ ತುಸು ಇಳಿ. ಜಗತ್ತಿನ ಅನೇಕ ಭಾಷೆಗಳಲ್ಲಿ ಇದನ್ನು ಅಳೆದಿದ್ದಾರೆ. ನಮ್ಮ ಹಾಡಿನಲ್ಲಿ 'ಇ'ಯ ಬೆನ್ನಿಗೆ 'ಆ' ಬಂದ ಕಡೆ ಗೆರೆಯಲ್ಲಿ ಸಣ್ಣ ಗುಂಡಿ ಇತ್ತು. ಇನ್ನೊಂದು ಸಂಗತಿ ಪೆಟ್ಟಿನದ್ದು. ಈ ರಾಗ ಪೆಟ್ಟಿಲ್ಲದ ಅಕ್ಷರದಿಂದ ಶುರುವಾಗುತ್ತದೆ. ಜರ್ಮನ್‌ನಲ್ಲಿ ಅಲ್ಲಿ ಒಂದು 'ಓ' ಇದೆ, ಪೆಟ್ಟು ಬೀಳುವುದು ಅದರ ಮುಂದಿನ ಪದಕ್ಕೆ. ಕನ್ನಡದ ಪದಕ್ಕೆ ಒತ್ತು ಇರುವುದೇ ಮೊದಲ ಅಕ್ಷರದಲ್ಲಿ. ಹಾಗಾಗಿ ನಾವು ಆ ಎತ್ತುಗಡೆಯ ಸ್ವರವನ್ನೇ ಗಟ್ಟಿಯಾಗಿ ಒತ್ತುತ್ತೇವೆ. ಮಕ್ಕಳು ಅಂತೂ ಕೂಗಿಯೇ ಬಿಡುತ್ತಾರೆ. ಆದರೆ ಅಳೆಯುವವಳಿಗೆ ಕನ್ನಡವೇ ಸುಖ. ಪದ ಅ, ಇ, ಉ ಥರದ ಸ್ವರಾಕ್ಷರದಲ್ಲಿ ಮುಗಿಯುವುದರಿಂದ ಗೆರೆ ಕೊನೆಯವರೆಗೂ ಬರುತ್ತದೆ. ಜರ್ಮನ್‌ನಲ್ಲಿ ಹಾಡಿಸಿದಾಗ ಟ್, ಖ್ ಬಂದ ಕಡೆಯೆಲ್ಲ ಗೆರೆ ತುಂಡು ತುಂಡು.

ನಿಲ್ಲುವ ಅಂತರವನ್ನೂ ಪರೀಕ್ಷಿಸಿದೆ. ಸ್ಟಾಕ್‌ಹೋಮ್‌ನ ಸ್ಟೆನ್ ಟರ್ನ್‌ಸ್ಟ್ರೋಮ್ ಕ್ವಾಯರ್‌ಗಳ ಮೇಲೆ ತುಂಬಾ ಕೆಲಸ ಮಾಡಿದವರು. ಹಾಡುವವರಿಗೆ ತಮ್ಮ ದನಿ ಉಳಿದವರ ದನಿಗಿಂತ ಸುಮಾರು 6 ಡೆಸಿಬೆಲ್ ಜಾಸ್ತಿ ಕೇಳಿಸಿದರೆ ಹಿತ ಎಂದು 1999ರಲ್ಲಿ ತೋರಿಸಿದರು. ನಮ್ಮ ಕ್ವಾಯರ್‌ನ ಬೆಂಚಿನಲ್ಲಿ ಭುಜಕ್ಕೆ ಭುಜ ತಾಗುತ್ತದೆ. ತಮ್ಮ ದನಿ ತಮಗೇ ಕೇಳಿಸದೆ ಎಲ್ಲರೂ ಜೋರು ಮಾಡುತ್ತಾರೆ. ಒಂದು ಕೈ ಅಂತರ ಬಿಟ್ಟು ನಿಲ್ಲಿಸಿದಾಗ ಕೂಗು ತಾನಾಗಿ ತಗ್ಗಿತು. ಇಳಿತ ಪೂರ್ತಿ ನಿಲ್ಲಲಿಲ್ಲ. ಈಗಲೂ ಪ್ರಾಕ್ಟೀಸ್‌ಗೆ ಹಾಗೇ ನಿಲ್ಲುತ್ತೇವೆ. ಆರಾಧನೆಗೆ ಜಾಗ ಸಾಲದು.

ನನ್ನಿಂದ ಒಂದು ದೊಡ್ಡ ತಪ್ಪಾಯಿತು. ಮೊದಲ ಗ್ರಾಫ್ ಸಿಕ್ಕ ಉತ್ಸಾಹದಲ್ಲಿ ಪ್ರಾಕ್ಟೀಸ್ ದಿನ ಎಲ್ಲರ ಮುಂದೆ ಲ್ಯಾಪ್‌ಟಾಪ್ ತೆರೆದೆ. ನಾಲ್ಕು ಬಣ್ಣದ ಗೆರೆ, ಪಕ್ಕದಲ್ಲಿ ಹೆಸರು. ಒಂದು ಗೆರೆ ಮೂರನೇ ಸಾಲಿನಲ್ಲಿ ಉಳಿದದ್ದಕ್ಕಿಂತ ಮೊದಲು ಇಳಿದಿತ್ತು. ಯಾರೋ ನಕ್ಕರು. ಆ ಗೆರೆಯವರು ಎರಡು ತಿಂಗಳು ಕ್ವಾಯರ್‌ಗೆ ಬರಲಿಲ್ಲ. ಮನೆಗೆ ಹೋಗಿ ಕ್ಷಮೆ ಕೇಳಿದೆ. ಆಮೇಲೆ ಹೆಸರು ತೆಗೆದು ಸಂಖ್ಯೆ ಹಾಕಿದೆ. ತಮ್ಮ ಗೆರೆ ನೋಡಬೇಕೋ ಬೇಡವೋ ಎಂದು ಅವರವರನ್ನೇ ಕೇಳತೊಡಗಿದೆ. ಮನುಷ್ಯರ ದನಿಯನ್ನು ಅಳೆಯುವವರು ಇದನ್ನು ಮೊದಲ ದಿನವೇ ಮಾಡಬೇಕು. ನನಗೆ ಯಾರೂ ಹೇಳಿರಲಿಲ್ಲ, ನಾನೂ ಯೋಚಿಸಿರಲಿಲ್ಲ.

ಮುಂದೆ ಹತ್ತಾರು ಸಲ ಹಾಡಿಸಿದ ಮೇಲೆ ತಿಳಿದದ್ದು ಅದಕ್ಕಿಂತ ಬೇಜಾರಿನ ಸಂಗತಿ. ಮೊದಲು ಇಳಿಯುವ ಗೆರೆ ಅಂತ ಒಂದು ಇರಲೇ ಇಲ್ಲ. ಒಂದು ಸಲ ಬಾಸ್, ಇನ್ನೊಂದು ಸಲ ಸೊಪ್ರಾನೊ. ಒಬ್ಬರು ಕದಲಿದರೆ ಉಳಿದ ಮೂವರು ಕೂಡಲೇ ಅವರ ಕಡೆ ವಾಲಿಕೊಳ್ಳುತ್ತಾರೆ. ಯಾರಿಂದ ಎಂದು ಹುಡುಕಿಕೊಂಡು ಹೊರಟ ನಾನು ಆ ಪ್ರಶ್ನೆಯನ್ನೇ ಪ್ರಬಂಧದ ಹೆಸರಿನಿಂದ ತೆಗೆಯಬೇಕಾಯಿತು. ಅಂದ ಹಾಗೆ, ಆಲ್ಟೊ ಕೂಡ ಮೊದಲು ಇಳಿದ ಉದಾಹರಣೆಗಳಿವೆ.

ಕಳೆದ ಶುಭ ಶುಕ್ರವಾರ ಎತ್ತುಗಡೆಯ ಸ್ವರ ಒತ್ತದೆ, ಫರ್ಮಾಟಾದಲ್ಲಿ ಉಸಿರು ಹಿಡಿದು ಮುಂದಿನ ಸ್ವರವನ್ನು ಮನಸ್ಸಿನಲ್ಲಿ ಕೇಳಿಸಿಕೊಂಡು ಹಾಡಿದೆವು. ನಾಲ್ಕು ಚರಣ. ಕಾರ್ಡ್‌ಗಳು ಚೆನ್ನಾಗಿ ಕೂಡಿದವು. ಸಾ ಇಳಿದೇ ಇತ್ತು, ಸ್ವಲ್ಪವೇ. ಅಯ್ಯನವರು ಕಡೆಯ ಪ್ರಾರ್ಥನೆ ಮಾಡಿ ಆಶೀರ್ವಾದ ಹೇಳಿದರು. ಆಗ ಹುಡುಗನೊಬ್ಬ ಅಭ್ಯಾಸಬಲದಿಂದ ಕೀಬೋರ್ಡ್ ತೆರೆದು ಅದೇ ರಾಗದ ಎರಡು ಸಾಲು ನುಡಿಸಿಬಿಟ್ಟ.

ಹೊರಗೆ ಚಪ್ಪಲಿ ಹುಡುಕುತ್ತಿದ್ದಾಗ ಮುಂದಿನ ಬೆಂಚಿನ ಅಜ್ಜಿಯೊಬ್ಬರು ನನ್ನ ಕೈ ಹಿಡಿದರು. "ಹಾಡು ಲಾಯ್ಕ ಆಯ್ತು ಮಗಾ. ಆ ಕೀಬೋರ್ಡ್ ಒಂದು ರಿಪೇರಿಗೆ ಕೊಡಿ. ಸ್ವಲ್ಪ ಮೇಲೆ ಹೋಗಿದೆ."