ಟ್ಯಾಂಕಿನ ನೆತ್ತಿಯಿಂದ ಮನೆಗೆ ಇಳಿಸಿದ ನೆಟ್

ಶಿರಸಿ ಕಡೆಯ ತೋಟದ ಮನೆಗಳ ಪಾಡು ಗೊತ್ತಲ್ಲ. ಮನೆ ತಗ್ಗಿನಲ್ಲಿ, ಸಿಗ್ನಲ್ ಬೆಟ್ಟದ ಮೇಲೆ. ಆ ಸಿಗ್ನಲ್ಲನ್ನೇ ಮನೆಗೆ ಇಳಿಸುತ್ತೇನೆ ಅಂದಾಗ, "ಸಿಗ್ನಲ್ ಹಿಗ್ಗಿಸೋ ಬೂಸ್ಟರ್ ಹಾಕ್ಸಿ ಭಟ್ರೇ, ನೀವು ಹೇಳೋದು ಆಗೋ ಹೋಗೋ ಕೆಲಸ ಅಲ್ಲ" ಅಂದಿದ್ದರು ಪೇಟೆಯ ಅಂಗಡಿಯವರು. ಪರವಾನಗಿ ಇಲ್ಲದ ಬೂಸ್ಟರ್ ಕಾನೂನಿಗೆ ವಿರುದ್ಧ, ಅದು ಬೇರೆ ಮಾತು. ಈಗ ನಮ್ಮ ಮನೆಯ ಮೂರು ಕಂಪ್ಯೂಟರಿಗೂ ಇಪ್ಪತ್ತು ಎಂಬಿಪಿಎಸ್ ಮೇಲೇ ಬರುತ್ತದೆ. ಆ ಅಂಗಡಿಯವರೇ ಬಂದು ನೋಡಿಕೊಂಡು ಹೋದರು.

ಮೊದಲು ಅಟ್ಟದ ಮೂಲೆಯಲ್ಲಿ ಮೊಬೈಲ್ ಹಾಟ್‌ಸ್ಪಾಟ್. ಜಂಬಿಟ್ಟಿಗೆ ಗೋಡೆ ದಾಟಿ ಜಗಲಿಗೆ ಬರುವಷ್ಟರಲ್ಲಿ ಏನೂ ಉಳಿಯುತ್ತಿರಲಿಲ್ಲ. ಸಿಮ್ ಹಾಕುವ ಡಾಂಗಲ್ ತಂದು ಅದರ ಹಿಂದೆ ಸಂಡಿಗೆ ಕರಿಯುವ ಜಾಲರಿ ಸೌಟು ಕಟ್ಟಿದ್ದೂ ಆಯಿತು. ನಂಬಿ, ಸಿಗ್ನಲ್ಲಿನ ಬಲ ಏಳೆಂಟು ಡಿಬಿ (ಡೆಸಿಬೆಲ್) ಏರಿತು! ಆದರೆ ಹಪ್ಪಳ ಕರಿಯುವ ದಿನ ಸೌಟು ಅಡುಗೆಮನೆಗೆ ವಾಪಸ್.

ಆಮೇಲೆ ಬೆಟ್ಟದ ನೀರಿನ ಟ್ಯಾಂಕ್ ಹತ್ತಿರ ಸಿಮ್ ರೂಟರ್ ಇಟ್ಟು ಪೈಪಿನಗುಂಟ ಕ್ಯಾಟ್6 ನೆಟ್‌ವರ್ಕ್ ಕೇಬಲ್ ಎಳೆದೆ. ದೂರ ಇನ್ನೂರೈವತ್ತು ಮೀಟರ್ ಆಸುಪಾಸು, ಈ ಕೇಬಲ್ಲಿಗೆ ನೂರು ಮೀಟರಿನ ಮಿತಿ ಇರುವುದರಿಂದ ನಡುವೆ ನೆಟ್‌ವರ್ಕ್ ಸ್ವಿಚ್ಚುಗಳು. ಮೇ ತಿಂಗಳ ಒಂದೇ ಸಿಡಿಲಿಗೆ ಪೋರ್ಟುಗಳೆಲ್ಲ ಸುಟ್ಟವು. ಸುಮಾರು ಒಂಬತ್ತು ಸಾವಿರ ಮಣ್ಣುಪಾಲು.

ಕೊನೆಗೆ ಕೈಹಿಡಿದದ್ದು 5 ಗಿಗಾಹರ್ಟ್ಸಿನ ಸಿಪಿಇ ಜೋಡಿ, ಅಂದರೆ ತಂತಿಯಿಲ್ಲದೆ ದೂರಕ್ಕೆ ನೆಟ್ ದಾಟಿಸುವ ಎರಡು ಡಬ್ಬಿ. ಎರಡಕ್ಕೂ ಸೇರಿ ಏಳೆಂಟು ಸಾವಿರ. ಒಂದು ಟ್ಯಾಂಕ್ ಹತ್ತಿರ, ಒಂದು ಮಾಡಿನ ಮೇಲೆ. ಬೇಸಿಗೆಯಲ್ಲಿ ಅದ್ಭುತ, ಮಳೆ ಹಿಡಿದದ್ದೇ ಲಿಂಕ್ ಬಿತ್ತು. ನಡುವಿನ ಹಲಸಿನ ಒದ್ದೆ ಸೊಪ್ಪು ಸಿಗ್ನಲ್ ನುಂಗುತ್ತಿತ್ತು. ಕೊಂಬೆ ಕಡಿಯಲು ಅಪ್ಪ ಬಿಡಲಿಲ್ಲ, ಸಿಪಿಇ ಕೂರಿಸಿದ ಕಂಬವನ್ನೇ ಹತ್ತಡಿ ಎತ್ತರಿಸಿದೆ. ಸಿಮ್ ರೂಟರನ್ನು ಟವರಿನ ಒಂದೇ ಬ್ಯಾಂಡ್‌ಗೆ (ಆವರ್ತನಕ್ಕೆ) ಲಾಕ್ ಮಾಡದಿದ್ದರೆ 2300 ಮೆಗಾಹರ್ಟ್ಸಿಗೆ ಹಾರಿ ಒದ್ದಾಡುತ್ತದೆ. ನಮ್ಮಲ್ಲಿ 1800, ಜೋರು ಮಳೆಗೆ 850. ಯಾವಾಗ ಬದಲಿಸಬೇಕೆಂದು ರೂಟರಿಗೆ ತಾನೇ ತಿಳಿಯುವಂತೆ ಮಾಡಿದ್ದೇನೆ, ಅದು ಹೇಗೆ ಅನ್ನುವುದು ಮಾತ್ರ ನನ್ನ ಹತ್ತಿರವೇ ಇರಲಿ.

ಬೆಟ್ಟದ ಮೇಲೆ ಕರೆಂಟಿಲ್ಲ. ನೂರು ವ್ಯಾಟಿನ ಸೋಲಾರ್ ಪ್ಯಾನೆಲ್, ಇನ್ವರ್ಟರಿನಿಂದ ತೆಗೆದ ಮುದಿ ಬ್ಯಾಟರಿ. ರಾತ್ರಿ ಹನ್ನೊಂದಕ್ಕೆ ಟೈಮರ್ ಆಫ್ ಮಾಡುತ್ತದೆ. ಆಷಾಢದಲ್ಲಿ ಮೂರು ದಿನ ಬಿಸಿಲು ಕಾಣದಿದ್ದರೂ ಎಳೆಯುತ್ತದೆ, ನಾಲ್ಕನೇ ದಿನ ಬ್ಯಾಟರಿ ಹೊತ್ತು ಇಳಿಸಬೇಕು. ತಮ್ಮ ಆ ದಿನ ಊರಲ್ಲಿರುವುದಿಲ್ಲ.

ಮನೆಯೊಳಗೆ ಹಳೇ ರೂಟರಿನ ಡಿಎಚ್‌ಸಿಪಿ (ಕಂಪ್ಯೂಟರುಗಳಿಗೆ ವಿಳಾಸ ಹಂಚುವ ಕೆಲಸ) ಆಫ್ ಮಾಡಿ, ಮಾಡಿನಿಂದ ಬಂದ ಕೇಬಲ್ಲನ್ನು ಅದರ ಲ್ಯಾನ್ ಪೋರ್ಟಿಗೆ ಚುಚ್ಚಿದೆ, ಅಷ್ಟೇ. ತಲೆ ತಿಂದದ್ದು ಡೇಟಾ. ದಿನದ ಎರಡು ಜಿಬಿ ಮಧ್ಯಾಹ್ನಕ್ಕೇ ಖಾಲಿ! ಮೂರೂ ಕಂಪ್ಯೂಟರು ವಿಂಡೋಸ್ ಅಪ್‌ಡೇಟನ್ನು ಬೇರೆಬೇರೆ ಇಳಿಸಿಕೊಳ್ಳುತ್ತಿದ್ದವು. ವಿಂಡೋಸಿನ ಡೆಲಿವರಿ ಆಪ್ಟಿಮೈಸೇಶನ್ ಸೆಟ್ಟಿಂಗಿನಲ್ಲಿ ಅಪ್‌ಡೇಟ್ ಹಂಚಿಕೆ ಮನೆಯ ನೆಟ್‌ವರ್ಕಿನ ಪಿಸಿಗಳ ನಡುವೆ ಮಾತ್ರ ಎಂದು ಇಟ್ಟೆ. ಒಂದು ಇಳಿಸಿಕೊಂಡದ್ದರಲ್ಲಿ ಬಹುಪಾಲು ಉಳಿದೆರಡಕ್ಕೂ ಸಿಗುತ್ತಿದೆ.

ಸುಟ್ಟಿದ್ದು ಬಿಟ್ಟು ಒಟ್ಟು ಹದಿನೆಂಟು ಸಾವಿರದ ಒಳಗೆ ಮುಗಿದಿದೆ. ಆಚೆಮನೆಯ ದೊಡ್ಡಪ್ಪನ ಮಗನೂ ಸೇರಿಕೊಂಡಿದ್ದಾನೆ. ಅರ್ಧ ರೀಚಾರ್ಜ್ ಅವನದು, ಬ್ಯಾಟರಿ ಹೊರುವ ಪಾಳಿಯೂ ಅವನದೇ.