ನನ್ನ ವಿಲ್‌ನಲ್ಲಿ ದಾನಕ್ಕೂ ಒಂದು ಪಾಲು

ವಿಲ್ ಬರೆಯಲು ಕೂತಾಗ ಒಂದು ವಿಷಯ ಮೊದಲೇ ನಿರ್ಧಾರವಾಗಿತ್ತು. ಮಗ, ಮಗಳ ಜೊತೆಗೆ ಮೂರನೆಯ ಪಾಲೊಂದು ಇರಬೇಕು. ಬಡ ಹೆಣ್ಣುಮಕ್ಕಳಿಗೆ ಹಾಸ್ಟೆಲ್ ನಡೆಸುವ ಒಂದು ಟ್ರಸ್ಟ್‌ಗೆ ನಾನು ಕೆಲಸದಲ್ಲಿದ್ದಾಗಿನಿಂದ ಅಷ್ಟಿಷ್ಟು ಕೊಡುತ್ತಾ ಬಂದಿದ್ದೇನೆ. ನಾನು ಹೋದ ಮೇಲೂ ಅದು ನಿಲ್ಲಬಾರದು. ಆಸೆ ಇಷ್ಟೇ. ಆದರೆ ವಿಲ್ ಓದುವ ಹೊತ್ತಿಗೆ ವಿವರಿಸಲು ನಾನಿರುವುದಿಲ್ಲ, ಕಾಗದವೇ ನನ್ನ ಪರವಾಗಿ ಮಾತಾಡಬೇಕು. ಹಾಗಾಗಿ ದಾನದ ಭಾಗಕ್ಕೆ ಮಕ್ಕಳ ಪಾಲಿಗಿಂತಲೂ ಹೆಚ್ಚು ಎಚ್ಚರ ವಹಿಸಿದೆ. ಮಕ್ಕಳು ತಮ್ಮ ಪಾಲನ್ನು ಹೇಗೂ ಕೇಳಿ ಪಡೆಯುತ್ತಾರೆ. ಟ್ರಸ್ಟ್‌ನವರಿಗೆ ವಿಲ್ ಇರುವ ಸುದ್ದಿಯೇ ತಲುಪದೆ ಹೋಗಬಹುದು.

ಬರೆಯುವುದಕ್ಕೆ ಮುಂಚೆ ನನ್ನದು ಯಾವುದು ಎಂದು ಪಟ್ಟಿ ಮಾಡಿದೆ. ಇದು ಕಾಣುವಷ್ಟು ಸುಲಭವಲ್ಲ. ನಾವಿರುವ ಮನೆ ನನ್ನ ಮತ್ತು ಯಜಮಾನರ ಜಂಟಿ ಹೆಸರಿನಲ್ಲಿ ಕೊಂಡದ್ದು, ಇಬ್ಬರದೂ ಅರ್ಧರ್ಧ. ಅವರು ವಿಲ್ ಬರೆಯದೆ ತೀರಿಕೊಂಡರು. ಹಿಂದೂ ಉತ್ತರಾಧಿಕಾರ ಕಾಯ್ದೆ 1956ರ ಪ್ರಕಾರ ಅವರ ಅರ್ಧ ನನಗೆ, ಮಗನಿಗೆ, ಮಗಳಿಗೆ ಸಮನಾಗಿ ಹಂಚಿಹೋಯಿತು (ಅತ್ತೆ ಬದುಕಿದ್ದರೆ ಅವರಿಗೂ ಒಂದು ಪಾಲು ಇರುತ್ತಿತ್ತು). ಅಂದರೆ ಮನೆಯಲ್ಲಿ ನನಗಿರುವುದು ಮೂರರಲ್ಲಿ ಎರಡು ಭಾಗ, ಉಳಿದದ್ದು ಆಗಲೇ ಮಕ್ಕಳದು. ನಾನು ವಿಲ್ ಬರೆಯಬಹುದಾದದ್ದು ನನ್ನ ಭಾಗಕ್ಕೆ ಮಾತ್ರ. ಎಷ್ಟೋ ಮನೆಗಳಲ್ಲಿ ಗಂಡ ಹೋದ ಮೇಲೆ ಎಲ್ಲವೂ ಹೆಂಡತಿಯದೇ ಎಂದುಕೊಂಡು ಇಡೀ ಆಸ್ತಿಗೆ ವಿಲ್ ಬರೆದುಬಿಡುತ್ತಾರೆ. ತಕರಾರು ಶುರುವಾಗುವುದೇ ಅಲ್ಲಿ. ಪಿತ್ರಾರ್ಜಿತ ಜಮೀನಿದ್ದರೆ ಲೆಕ್ಕ ಇನ್ನೂ ಸೂಕ್ಷ್ಮ. 2005ರ ತಿದ್ದುಪಡಿಯ ನಂತರ ಅದರಲ್ಲಿ ಹೆಣ್ಣುಮಕ್ಕಳಿಗೂ ಹುಟ್ಟಿನಿಂದಲೇ ಹಕ್ಕಿದೆ.

ಯಾವ ಧರ್ಮದ ಉತ್ತರಾಧಿಕಾರ ಕಾನೂನು ಅನ್ವಯಿಸುತ್ತದೆ ಎಂಬುದನ್ನೂ ನೋಡಿಕೊಳ್ಳಬೇಕು. ಮುಸ್ಲಿಮರು ಸಾಮಾನ್ಯವಾಗಿ ಸಾಲ ಮತ್ತು ಅಂತ್ಯಕ್ರಿಯೆಯ ಖರ್ಚು ಕಳೆದು ಉಳಿದದ್ದರ ಮೂರನೇ ಒಂದು ಭಾಗವನ್ನಷ್ಟೇ ವಿಲ್ ಮೂಲಕ ಕೊಡಬಹುದು, ಅದಕ್ಕಿಂತ ಹೆಚ್ಚಿಗೆ ವಾರಸುದಾರರ ಒಪ್ಪಿಗೆ ಬೇಕು. ಹತ್ತಿರದ ಸಂಬಂಧಿಕರಿರುವ ಕ್ರೈಸ್ತರು ಧರ್ಮಕಾರ್ಯಕ್ಕೆ ಆಸ್ತಿ ಬಿಡಬೇಕಾದರೆ ಸಾಯುವುದಕ್ಕೆ ಕನಿಷ್ಠ ಹನ್ನೆರಡು ತಿಂಗಳ ಮುಂಚೆ ವಿಲ್ ಮಾಡಿರಬೇಕು ಎಂಬ ವಿಚಿತ್ರ ನಿಯಮವೊಂದು 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯ 118ನೇ ಕಲಮಿನಲ್ಲಿತ್ತು. 2003ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿತು. ತೀರ ಸರಿಯಾದ ತೀರ್ಪು ಅದು. ದಾನ ಮಾಡುವವರನ್ನು ಅನುಮಾನದಿಂದ ನೋಡುವ ಕಾನೂನು ಇರಬಾರದು.

ಆಮೇಲೆ ನಾಮಿನಿ. ಬ್ಯಾಂಕ್ ಠೇವಣಿಗೆ ನಾಮಿನಿ ಹಾಕಿದರೆ ಹಣ ಅವರದಾಯಿತು ಎಂದು ಬಹಳ ಜನ ನಂಬಿದ್ದಾರೆ. ಬ್ಯಾಂಕಿನಿಂದ ಹಣ ಪಡೆಯುವ ಅಧಿಕಾರವಷ್ಟೇ ನಾಮಿನಿಯದು, ಅದು ಸೇರಬೇಕಾದದ್ದು ವಾರಸುದಾರರಿಗೆ ಅಥವಾ ವಿಲ್‌ನಲ್ಲಿ ಹೆಸರಿಸಿದವರಿಗೆ. ಷೇರುಗಳ ವಿಷಯದಲ್ಲೂ ಸುಪ್ರೀಂ ಕೋರ್ಟ್ 2023ರಲ್ಲಿ ಇದನ್ನೇ ಹೇಳಿದೆ. ಜೀವವಿಮೆಯದು ಮಾತ್ರ ಬೇರೆ. 2015ರ ತಿದ್ದುಪಡಿಯಂತೆ ಅಲ್ಲಿ ಗಂಡ, ಹೆಂಡತಿ, ಮಕ್ಕಳು ಅಥವಾ ತಂದೆತಾಯಿ ನಾಮಿನಿಯಾಗಿದ್ದರೆ ಹಣದ ಹಕ್ಕೂ ಅವರಿಗೆ ಬರುತ್ತದೆ. ನನ್ನ ಠೇವಣಿಗಳಿಗೆಲ್ಲ ಮಗಳೇ ನಾಮಿನಿ. ವಿಲ್ ಜಾರಿ ಮಾಡುವವಳೂ ಅವಳೇ ಆದ್ದರಿಂದ ಹಣ ಅವಳ ಕೈಗೆ ಬಂದು ವಿಲ್ ಪ್ರಕಾರ ಹಂಚಿಕೆಯಾಗುತ್ತದೆ.

ಇನ್ನು ದಾನದ ಸಾಲುಗಳು. ನಾನು ಅತಿ ಹೆಚ್ಚು ಹೊತ್ತು ಯೋಚಿಸಿದ್ದು ಇವುಗಳ ಬಗ್ಗೆ. ವಕೀಲರು ಮೊದಲು ತಯಾರಿಸಿದ ಕರಡಿನಲ್ಲಿ ‘ಇಂಥ ಬ್ಯಾಂಕಿನ ಇಂಥ ನಂಬರಿನ ಎಫ್‌ಡಿ ಹಣವನ್ನು ಟ್ರಸ್ಟ್‌ಗೆ ಕೊಡತಕ್ಕದ್ದು’ ಎಂದಿತ್ತು. ನಾನು ಅವರನ್ನು ಕೇಳಿದೆ: "ಸರ್, ಈ ಎಫ್‌ಡಿ ಮುಂದಿನ ವರ್ಷ ಮುಗಿಯುತ್ತೆ. ಬೇರೆ ಬ್ಯಾಂಕಿನಲ್ಲಿ ಇಟ್ಟರೆ? ಆಸ್ಪತ್ರೆಗೆ ಅಂತ ಮುರಿಸಿದರೆ?" ಹೆಸರಿಸಿದ ಸ್ವತ್ತು ಸಾಯುವ ಹೊತ್ತಿಗೆ ನಮ್ಮ ಬಳಿ ಇಲ್ಲದಿದ್ದರೆ ಅದರ ಮೇಲಿನ ದಾನವೂ ಬಿದ್ದುಹೋಗುತ್ತದೆ. ಅದರ ಬದಲಿಗೆ ಬೇರೆ ಹಣ ಕೊಡಿ ಎಂದು ಟ್ರಸ್ಟ್‌ನವರು ಕೇಳಲು ಬರುವುದಿಲ್ಲ. ಇಂತಿಷ್ಟು ಲಕ್ಷ ಎಂದು ಬರೆದರೆ ಬೇರೆ ತೊಂದರೆ. ನನ್ನ ಕೊನೆಯ ದಿನಗಳ ಚಿಕಿತ್ಸೆಗೇ ಹೆಚ್ಚಿನ ಹಣ ಹೋದರೆ ಟ್ರಸ್ಟ್‌ಗೆ ಪೂರ್ತಿ ಸಂದು, ಮಕ್ಕಳಿಗೆ ಏನೂ ಉಳಿಯದಿರಬಹುದು. ಇನ್ನು ಇಪ್ಪತ್ತು ವರ್ಷ ಬದುಕಿದರೆ ಆ ಮೊತ್ತಕ್ಕೆ ಬೆಲೆಯೇ ಇರುವುದಿಲ್ಲ.

ಕೊನೆಗೆ ಉಳಿಸಿಕೊಂಡದ್ದು ಶೇಕಡಾ ಲೆಕ್ಕ. ಮನೆಯ ನನ್ನ ಭಾಗ ಮಕ್ಕಳಿಬ್ಬರಿಗೆ ಸಮನಾಗಿ. ಸಾಲ, ಆಸ್ಪತ್ರೆ ಬಿಲ್ಲು, ಕ್ರಿಯಾಕರ್ಮದ ಖರ್ಚು ಕಳೆದು ಉಳಿಯುವ ಠೇವಣಿ, ಮ್ಯೂಚುವಲ್ ಫಂಡ್ ಮುಂತಾದ ಹಣದಲ್ಲಿ ಶೇ 20 ಟ್ರಸ್ಟ್‌ಗೆ, ಉಳಿದದ್ದು ಮಕ್ಕಳಿಗೆ. ಯಾವ ಬ್ಯಾಂಕು, ಯಾವ ನಂಬರು ಎಂಬ ಉಲ್ಲೇಖವೇ ಇಲ್ಲ. ಖಾತೆಗಳ ವಿವರ ಬೇರೆ ಹಾಳೆಯಲ್ಲಿದೆ, ಅದು ವಿಲ್‌ನ ಭಾಗವಲ್ಲ, ಮಗಳ ಅನುಕೂಲಕ್ಕೆ. ಅದನ್ನು ಬೇಕಾದಾಗ ಬದಲಾಯಿಸುತ್ತೇನೆ, ವಿಲ್ ಮುಟ್ಟುವ ಅಗತ್ಯ ಬೀಳುವುದಿಲ್ಲ.

ಟ್ರಸ್ಟ್‌ನ ಹೆಸರನ್ನು ಊರವರು ಕರೆಯುವಂತೆ ಬರೆಯಲಿಲ್ಲ. ಟ್ರಸ್ಟ್ ಡೀಡ್‌ನಲ್ಲಿರುವ ಪೂರ್ತಿ ಹೆಸರು, ನೋಂದಣಿ ಸಂಖ್ಯೆ, ಪ್ಯಾನ್ ನಂಬರು ಎಲ್ಲವನ್ನೂ ಸೇರಿಸಿದೆ. ಒಂದೇ ಹೆಸರಿನ ಎರಡು ಸಂಸ್ಥೆಗಳಿದ್ದರೆ ಇದೇ ಆಧಾರ. ನಾನು ತೀರಿಕೊಳ್ಳುವ ಹೊತ್ತಿಗೆ ಟ್ರಸ್ಟ್ ಮುಚ್ಚಿದ್ದರೆ ಹಣ ಯಾರಿಗೆ ಹೋಗಬೇಕು ಎಂದು ಎರಡನೆಯ ಸಂಸ್ಥೆಯನ್ನೂ ಹೆಸರಿಸಿದೆ. ಉದ್ದೇಶವನ್ನು ‘ಹೆಣ್ಣುಮಕ್ಕಳ ವಿದ್ಯಾಭ್ಯಾಸ ಮತ್ತು ವಸತಿಗೆ’ ಎಂದಷ್ಟೇ ಇಟ್ಟೆ. ನನ್ನ ಹೆಸರಿನ ಕೋಣೆ ಕಟ್ಟಿಸಿ, ಪ್ರತಿವರ್ಷ ಇಂಥ ದಿನವೇ ಬಹುಮಾನ ಕೊಡಿ ಎಂಬಂಥ ಷರತ್ತುಗಳು ಸಂಸ್ಥೆಯ ಕೈಕಟ್ಟುತ್ತವೆ. ಅಲ್ಲಿನ ಮಕ್ಕಳಿಗೆ ಆ ಹೊತ್ತಿಗೆ ಏನು ಬೇಕೋ ಅದು ಸಿಗಲಿ.

ಬದುಕಿದ್ದಾಗಲೇ ದಾನಪತ್ರ ಮಾಡಿ ಎಂದು ಕೆಲವರು ಹೇಳಿದರು. ಹಣದ ಮಟ್ಟಿಗೆ ನಾನೂ ಅದನ್ನು ಒಪ್ಪುತ್ತೇನೆ, ಈಗಲೂ ಪ್ರತಿವರ್ಷ ಕೊಡುತ್ತೇನೆ. ಕೊಟ್ಟ ಹಣ ಹೇಗೆ ಖರ್ಚಾಗುತ್ತದೆ ಎಂದು ಕಣ್ಣಾರೆ ನೋಡಿದ್ದರಿಂದಲೇ ವಿಲ್‌ನಲ್ಲಿ ಪಾಲಿಡುವ ಧೈರ್ಯ ಬಂದದ್ದು. ಹಳೆಯ ತೆರಿಗೆ ಪದ್ಧತಿಯಲ್ಲಿರುವವರಿಗೆ ಇಂಥ ದಾನಕ್ಕೆ ಆದಾಯ ತೆರಿಗೆ ವಿನಾಯಿತಿಯೂ ಇದೆ, ಆದರೆ 2,000 ರೂಪಾಯಿಗಿಂತ ಹೆಚ್ಚು ನಗದು ಕೊಟ್ಟರೆ ಅದಕ್ಕೆ ಸಿಗುವುದಿಲ್ಲ. ವಿಲ್ ಮೂಲಕ ಬಿಟ್ಟದ್ದಕ್ಕೆ ನನಗೆ ವಿನಾಯಿತಿ ಇಲ್ಲ. ನಮ್ಮಲ್ಲಿ ಎಸ್ಟೇಟ್ ಡ್ಯೂಟಿ (ಸತ್ತವರ ಆಸ್ತಿಯ ಮೇಲಿನ ತೆರಿಗೆ) 1985ರಲ್ಲೇ ಹೋಯಿತು, ಹಾಗಾಗಿ ವಿಲ್‌ನಲ್ಲಿ ದಾನ ಬರೆಯುವುದು ತೆರಿಗೆ ಉಳಿಸುವ ದಾರಿ ಅಲ್ಲವೇ ಅಲ್ಲ. ಮನೆಯ ಮಾತು ಬೇರೆ. ಸ್ಥಿರಾಸ್ತಿಯ ದಾನಪತ್ರ ನೋಂದಣಿಯಾದರೆ ಒಡೆತನ ಅಂದೇ ಕೈಬಿಡುತ್ತದೆ, ಮನಸ್ಸು ಬದಲಾಯಿತೆಂದು ವಾಪಸು ಕೇಳಲು ಬರುವುದಿಲ್ಲ. ಮಕ್ಕಳಿಗೆ ಬರೆದುಕೊಡುವ ಹಿರಿಯರಾದರೂ ತಮ್ಮನ್ನು ನೋಡಿಕೊಳ್ಳಬೇಕೆಂಬ ಷರತ್ತನ್ನು ಪತ್ರದಲ್ಲೇ ಬರೆಸಬೇಕು. ಆಗಷ್ಟೇ 2007ರ ಹಿರಿಯ ನಾಗರಿಕರ ಕಾಯ್ದೆಯ 23ನೇ ಕಲಮಿನ ರಕ್ಷಣೆ (ನೋಡಿಕೊಳ್ಳದಿದ್ದರೆ ಪತ್ರ ರದ್ದು ಮಾಡಿಸುವ ಹಕ್ಕು) ಗಟ್ಟಿಯಾಗಿ ನಿಲ್ಲುತ್ತದೆ. ನನ್ನ ತಲೆ ಮೇಲಿನ ಸೂರನ್ನು ನಾನಿರುವಷ್ಟು ದಿನ ಯಾರಿಗೂ ಬರೆಯುವುದಿಲ್ಲ ಎಂದು ಸ್ಪಷ್ಟವಾಗಿ ಹೇಳಿದೆ.

ಮಕ್ಕಳಿಗೆ ಮೊದಲೇ ತಿಳಿಸಿದೆ. ಮಗ ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಮ್ಮಾ, ಕೊಡೋದು ಬೇಡ ಅಂತಲ್ಲ. ನಿಮಗೇ ಕಡಿಮೆ ಬಿದ್ರೆ?" ಎಂದ. ಉಳಿದದ್ದರಲ್ಲಿ ಮಾತ್ರ ಪಾಲು ಎಂದು ಕರಡಿನ ಆ ಸಾಲನ್ನು ಅವನ ಮುಂದಿಟ್ಟೆ. ಎರಡು ಸಲ ಓದಿ, "ಹಾಗಾದ್ರೆ ಸರಿ" ಎಂದ. ಮಕ್ಕಳು ಬಾಯಿಬಿಟ್ಟು ಕೇಳದೆ ಇರುವ ಪ್ರಶ್ನೆಗಳೇ ಮುಂದೆ ಕೋರ್ಟಿಗೆ ಹೋಗುವುದು. ಅವರಿಗೆ ತಿಳಿಯದ ಹಾಗೆ ದಾನ ಬರೆಯುವುದು ನನಗೆ ಸರಿ ಕಾಣುವುದಿಲ್ಲ.

ವಿಲ್‌ಗೆ ಛಾಪಾ ಕಾಗದ ಬೇಕಿಲ್ಲ, ನೋಂದಣಿ ಕಡ್ಡಾಯವಲ್ಲ. ಕಡ್ಡಾಯವಾದದ್ದು ನನ್ನ ಸಹಿ ಮತ್ತು ಕನಿಷ್ಠ ಇಬ್ಬರು ಸಾಕ್ಷಿಗಳ ಸಹಿ. ಮುಂದೆ ಕೋರ್ಟಿನಲ್ಲಿ ಪ್ರಶ್ನೆ ಬಂದರೆ, ಬದುಕಿರುವ ಸಾಕ್ಷಿಗಳಲ್ಲಿ ಒಬ್ಬರಾದರೂ ಬಂದು ಹೇಳಿಕೆ ಕೊಡಬೇಕು. ಹಾಗಾಗಿ ನನಗಿಂತ ಬಹಳ ಚಿಕ್ಕವರಾದ, ವಿಲ್‌ನಿಂದ ಏನೂ ಪಡೆಯದ ಇಬ್ಬರನ್ನು ಕರೆದೆ. ಟ್ರಸ್ಟ್‌ನವರು ಯಾರೂ ಕರಡು ನೋಡಲಿಲ್ಲ, ಸಹಿಯ ದಿನ ಹತ್ತಿರವೂ ಇರಲಿಲ್ಲ. ಅವರ ಮೇಲೆ ಅನುಮಾನವಿದ್ದು ಹೀಗೆ ಮಾಡಿದ್ದಲ್ಲ. ವಿಲ್‌ನಿಂದ ಲಾಭ ಪಡೆಯುವವರೇ ಅದನ್ನು ಬರೆಸಲು ಮುಂದೆ ನಿಂತಿದ್ದರೆ ಕೋರ್ಟು ಅದನ್ನು ಅನುಮಾನದಿಂದ ನೋಡುತ್ತದೆ. ಮೈಸೂರು ಸೀಮೆಯಿಂದ ಹೋದ ವೆಂಕಟಾಚಲ ಅಯ್ಯಂಗಾರ್ ಮತ್ತು ತಿಮ್ಮಾಜಮ್ಮ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಈ ಮಾತನ್ನು ಇಂದಿಗೂ ವಿಲ್ ವ್ಯಾಜ್ಯಗಳಲ್ಲಿ ಉಲ್ಲೇಖಿಸುತ್ತಾರೆ. ಪ್ರತಿ ಪುಟಕ್ಕೂ ಸಹಿ ಹಾಕಿದೆ, ನಾನು ಸ್ವಸ್ಥಚಿತ್ತಳಾಗಿದ್ದೇನೆ ಎಂಬ ವೈದ್ಯರ ಪತ್ರವನ್ನು ಅದೇ ದಿನಾಂಕಕ್ಕೆ ಪಡೆದು ಜೊತೆಗಿಟ್ಟೆ, ನಂತರ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿಯನ್ನೂ ಮಾಡಿಸಿದೆ. ಸಹಿಯಾದ ಮೇಲೆ ಪೆನ್ನಿನಿಂದ ಒಂದು ಅಕ್ಷರ ತಿದ್ದಿದರೂ ಅದಕ್ಕೆ ಮತ್ತೆ ಸಾಕ್ಷಿಗಳ ಸಹಿ ಬೇಕು. ಬದಲಾವಣೆ ಇದ್ದರೆ ಹೊಸ ವಿಲ್ ಬರೆದು ಹಳೆಯದನ್ನು ರದ್ದುಪಡಿಸಿದೆ ಎಂದು ಕಾಣಿಸುವುದೇ ಲೇಸು.

ನೇತ್ರದಾನದ ಇಚ್ಛೆಯನ್ನು ವಿಲ್‌ನಲ್ಲಿ ಬರೆಯಲಿಲ್ಲ. ಕಣ್ಣುಗಳನ್ನು ಸಾವಿನ ನಂತರ ಆರು ಗಂಟೆಯೊಳಗೆ ತೆಗೆಯಬೇಕು, ವಿಲ್ ತೆರೆಯುವುದು ಎಷ್ಟೋ ದಿನದ ಮೇಲೆ. ಅದನ್ನು ಮಕ್ಕಳಿಬ್ಬರಿಗೂ ಬಾಯಿಮಾತಿನಲ್ಲೇ ಹೇಳಿ, ನೇತ್ರ ಬ್ಯಾಂಕಿನ ಫೋನ್ ನಂಬರನ್ನು ಅವರ ಮೊಬೈಲ್‌ಗೆ ಹಾಕಿಸಿದ್ದೇನೆ. ಮೂಲ ವಿಲ್ ಅನ್ನು ನನ್ನೊಬ್ಬಳ ಹೆಸರಿನ ಲಾಕರ್‌ನಲ್ಲಿ ಇಡಲಿಲ್ಲ, ಅದನ್ನು ತೆರೆಸುವುದಕ್ಕೇ ಅವರು ಬ್ಯಾಂಕಿಗೆ ಅಲೆಯಬೇಕಾಗುತ್ತದೆ. ಅದು ಮಗಳ ಬಳಿ ಇದೆ, ಒಂದು ನಕಲು ಮಗನ ಬಳಿ. ಟ್ರಸ್ಟ್‌ನ ಕಾರ್ಯದರ್ಶಿಗೆ ವಿಲ್‌ನಲ್ಲಿ ತಮ್ಮ ಸಂಸ್ಥೆಯ ಹೆಸರಿದೆ ಎಂದು ತಿಳಿಸಿ, ವಿಚಾರಿಸಬೇಕಾದವರು ಯಾರು ಎಂದು ಮಗಳ ಫೋನ್ ನಂಬರು ಕೊಟ್ಟಿದ್ದೇನೆ.