ಎರಡು ಹಾಳು ಸಿಂಗಲ್‌ನಿಂದ ಒಂದು ಒಳ್ಳೆ ಸಿಂಗಲ್: ನನ್ನ ಅನುಭವ

ಹಳೇ ಪಂಕ್ ಸಿಂಗಲ್‌ಗಳ, ಅಂದರೆ ಒರಟು ರಾಕ್ ಸಂಗೀತದ ಒಂದೆರಡು ಹಾಡಿರುವ ಗ್ರಾಮಫೋನ್ ಪ್ಲೇಟುಗಳ, ಬೆಲೆ ಎಲ್ಲಿಗೆ ಹೋಗಿ ನಿಂತಿದೆ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. 1978-79ರಲ್ಲಿ ಇಂಗ್ಲೆಂಡಿನ ಹುಡುಗರು ಐನೂರೋ ಸಾವಿರವೋ ಒತ್ತಿಸಿ, ಕೈಯಲ್ಲೇ ಕವರ್ ಮಡಚಿ ಮಾರಿದ ಏಳಿಂಚಿನ ಪ್ಲೇಟು ಇವತ್ತು ಚೆನ್ನಾಗಿದ್ದರೆ ಅರವತ್ತು, ಎಂಬತ್ತು ಪೌಂಡ್. ಕೆಲವಕ್ಕೆ ಇನ್ನೂರು. ಅದೇ ಪ್ಲೇಟಿಗೆ ಕವರ್ ಇಲ್ಲ, ಮೈತುಂಬ ಗೀರು, ಲೇಬಲ್ ಮೇಲೆ ಯಾರದೋ ಹೆಸರು ಅಂದರೆ ಮೂರು ನಾಲ್ಕು ಪೌಂಡಿಗೆ ಸಿಗುತ್ತದೆ. ನಾನು ಕೊಳ್ಳುವುದು ಈ ಎರಡನೇ ತರಹದ್ದನ್ನು. ಒಂದಲ್ಲ, ಅದೇ ಸಿಂಗಲ್‌ನ ಎರಡು ಪ್ರತಿ. ಎರಡನ್ನೂ ತೊಳೆದು, ರೆಕಾರ್ಡ್ ಮಾಡಿಕೊಂಡು, ಒಂದರಲ್ಲಿ ಎಲ್ಲಿ ಟಕ್ ಅನ್ನುತ್ತದೋ ಅಲ್ಲಿಗೆ ಇನ್ನೊಂದರ ತುಂಡು ತಂದು ತೇಪೆ ಹಾಕುತ್ತೇನೆ.

ಇದು ಆಗದ ಕೆಲಸ ಅಂದವರೇ ಜಾಸ್ತಿ. ಎರಡು ಪ್ಲೇಟು ಯಾವತ್ತೂ ಒಂದೇ ವೇಗದಲ್ಲಿ ಓಡಲ್ಲ, ತೇಪೆ ಕಿವಿಗೆ ಗೊತ್ತಾಗುತ್ತದೆ, ಸುಮ್ನೆ ಟೈಮ್ ವೇಸ್ಟ್, ಕ್ಲಿಕ್ ತೆಗೆಯೋ ಸಾಫ್ಟ್‌ವೇರ್ ಇಲ್ವಾ ಅಂತ ಕೇಳಿದರು. ಈಗ ನನ್ನ ಫೈಲ್ ಕೇಳಿದವರು ಇದು ಸ್ಟುಡಿಯೋದ ಮೂಲ ಮಾಸ್ಟರ್ ಟೇಪಿನಿಂದ ತೆಗೆದದ್ದಾ ಅಂತ ಕೇಳುತ್ತಾರೆ. ಹಾಗೆ ಕೇಳಿದವರಲ್ಲಿ ಒಬ್ಬರು ಆ ಸಿಂಗಲ್ ಮಾಡಿದ ಬ್ಯಾಂಡಿನಲ್ಲೇ ಡ್ರಮ್ಸ್ ಬಾರಿಸಿದವರು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ಸಾಫ್ಟ್‌ವೇರ್ ವಿಷಯ. ಪಿಟೀಲಿಗೋ ಪಿಯಾನೋಗೋ ಅದು ಚೆನ್ನಾಗಿಯೇ ಕೆಲಸ ಮಾಡಬಹುದು. ಪಂಕ್‌ಗೆ ಆಗಲ್ಲ. ಗಿಟಾರ್ ಪೂರ್ತಿ ಡಿಸ್ಟಾರ್ಷನ್, ಸ್ನೇರ್ ಡ್ರಮ್ಮಿನ ಏಟು ಚುರುಕು. ಸಾಫ್ಟ್‌ವೇರಿಗೆ ಆ ಏಟೂ ಟಕ್, ಗೀರೂ ಟಕ್. ಎರಡನ್ನೂ ಅಳಿಸಿಬಿಡುತ್ತದೆ. ಹಾಡು ಕಂಬಳಿ ಹೊದ್ದುಕೊಂಡ ಹಾಗೆ ಆಗುತ್ತದೆ. ಈ ಹಾಡುಗಳಲ್ಲಿ ಇರುವುದೇ ಆ ಚುರುಕು. ಅದನ್ನು ಕಳೆದುಕೊಂಡು ಟಕ್ ಇಲ್ಲದ ಫೈಲ್ ಇಟ್ಟುಕೊಂಡು ಏನು ಮಾಡೋಣ? ಎರಡು ಮೂರು ವರ್ಷ ಇದರ ಹಿಂದೆ ಓಡಾಡಿದೆ. ದುಡ್ಡು ಕೊಟ್ಟು ತಗೊಂಡ ಎರಡು ಸಾಫ್ಟ್‌ವೇರಿಗೇ ಸುಮಾರು ಮುನ್ನೂರು ಪೌಂಡ್ ಹೋಯಿತು. ಈಗ ಅವು ಎರಡೂ ಕಂಪ್ಯೂಟರಿನಲ್ಲಿ ಇಲ್ಲ.

ಆಮೇಲೆ ಎರಡು ಪ್ರತಿಯನ್ನು ಒಂದರ ಮೇಲೊಂದು ಕೂಡಿಸಿ ನೋಡಿದೆ. ಹಾಡು ಎರಡರಲ್ಲೂ ಒಂದೇ, ಗೀರು ಬೇರೆ ಬೇರೆ. ಕೂಡಿಸಿದರೆ ಹಾಡು ಗಟ್ಟಿಯಾಗಿ ಗೀರು ಕಮ್ಮಿಯಾಗಬೇಕು, ಅಲ್ವಾ? ಲೆಕ್ಕಕ್ಕೆ ಸರಿ. ಕಿವಿಗೆ ಬಂದದ್ದು ಹಾಡಿನುದ್ದಕ್ಕೂ ಜೆಟ್ ವಿಮಾನ ಹೋದಂತೆ ಊಯ್ ಅನ್ನುವ ಸದ್ದು. ಒಂದೇ ಟರ್ನ್‌ಟೇಬಲ್ ಮೇಲೂ ಎರಡು ಪ್ಲೇಟು ಒಂದೇ ತರಹ ಓಡಲ್ಲ. ಮೋಟಾರಿನ ವೇಗ ಕೂದಲೆಳೆಯಷ್ಟು ಆಚೀಚೆ ಆಗುತ್ತದೆ, ತೂತು ನಡುವಿಗೆ ಸರಿಯಾಗಿ ಇರುವುದಿಲ್ಲ. ಅರ್ಧ ಮಿಲಿಸೆಕೆಂಡ್ ವ್ಯತ್ಯಾಸ ಸಾಕು, ಮೇಲಿನ ಸ್ವರಗಳು ಒಂದನ್ನೊಂದು ತಿಂದುಹಾಕುತ್ತವೆ. ಹಾಡನ್ನು ಎಳೆದು ಜಗ್ಗಿ ಹೊಂದಿಸಲು ನೋಡಿದೆ. ಮೂರು ನಿಮಿಷದ ಹಾಡಿಗೆ ವಾರ ಹಿಡಿಯಿತು, ಊಯ್ ಮಾತ್ರ ಹೋಗಲಿಲ್ಲ.

ಕೂಡಿಸುವುದನ್ನು ಬಿಟ್ಟ ಮೇಲೆ ದಾರಿ ಸಿಕ್ಕಿತು. ಇಡೀ ಹಾಡನ್ನು ಹೊಂದಿಸುವ ಅಗತ್ಯವೇ ಇಲ್ಲ. ಟಕ್ ಇರುವುದು ಐದು ಮಿಲಿಸೆಕೆಂಡ್, ಜಾಸ್ತಿ ಅಂದರೆ ಇಪ್ಪತ್ತು. ಅದರ ಸುತ್ತ ಆ ಕಡೆ ಅರ್ಧ ಸೆಕೆಂಡ್, ಈ ಕಡೆ ಅರ್ಧ ಸೆಕೆಂಡ್ ಮಾತ್ರ ಹೊಂದಿಸಬೇಕು. ಅಷ್ಟರಲ್ಲಿ ವೇಗ ಎಲ್ಲಿಗೂ ಓಡಿಹೋಗಲ್ಲ. ತುಂಡು ಕತ್ತರಿಸಿ, ಎರಡು ತುದಿಯಲ್ಲೂ ಒಂದೆರಡು ಮಿಲಿಸೆಕೆಂಡ್ ಒಂದರೊಳಗೊಂದು ಕರಗುವಂತೆ ಸೇರಿಸಿದರೆ ತೇಪೆ ಎಲ್ಲಿದೆ ಅಂತ ನನಗೇ ಆಮೇಲೆ ಸಿಗುವುದಿಲ್ಲ. ಉದ್ದ ಗೀರನ್ನು ಹುಡುಕುವುದೂ ಸುಲಭ. ನಿಮಿಷಕ್ಕೆ 45 ಸುತ್ತಿನ ವೇಗದಲ್ಲಿ ಒಂದು ಸುತ್ತಿಗೆ 1.33 ಸೆಕೆಂಡ್. ಒಂದು ಟಕ್ ಸಿಕ್ಕಿದರೆ ಮುಂದಿನದು ಅಲ್ಲಿಂದ 1.33 ಸೆಕೆಂಡಿಗೆ ಕೂತಿರುತ್ತದೆ, ಅದರ ಮುಂದಿನದೂ ಹಾಗೆಯೇ. ಒಂದು ಹಾಡಿಗೆ ಸುಮಾರು ಇನ್ನೂರು ತೇಪೆ ಬೀಳುತ್ತದೆ. ಕೈ ಪಳಗಿದ ಮೇಲೆ ಒಂದು ಸಂಜೆಯ ಕೆಲಸ. ಸರಿಯಾದ ಜಾಗವನ್ನು ಬೇಗ ಹಿಡಿಯಲು ನನ್ನ ಹತ್ತಿರ ಒಂದು ಉಪಾಯ ಇದೆ. ಅದನ್ನು ಸದ್ಯಕ್ಕೆ ಹೇಳುವುದಿಲ್ಲ, ಅದನ್ನು ಕಂಡುಕೊಳ್ಳಲು ನನಗೆ ಬಹಳ ಕಾಲ ಹಿಡಿದಿದೆ.

ಎರಡು ಪ್ರತಿಯೂ ಒಂದೇ ಕಟ್ಟಿಂಗ್‌ನದ್ದಾಗಿರಬೇಕು, ಅಂದರೆ ಹಾಡಿನ ಗ್ರೂವನ್ನು (ಮುಳ್ಳು ಓಡುವ ಗೆರೆಯನ್ನು) ಮೊದಲು ಕೊರೆದ ಮೂಲ ತಟ್ಟೆ ಎರಡಕ್ಕೂ ಒಂದೇ ಆಗಿರಬೇಕು. ಲೇಬಲ್ ನೋಡಿ ನಂಬಬೇಡಿ, ಕೊನೆಯ ಗ್ರೂವ್ ಮುಗಿದ ಮೇಲೆ ಇರುವ ನುಣುಪು ಜಾಗದಲ್ಲಿ ಏನು ಕೆತ್ತಿದೆ ನೋಡಿ. ಆ ಮೂಲ ತಟ್ಟೆಯನ್ನು ಜಾರ್ಜ್ ಪೆಕ್ಹಮ್ ಅನ್ನುವ ಎಂಜಿನಿಯರ್ ಕೊರೆದದ್ದಾದರೆ ಸಾಮಾನ್ಯವಾಗಿ ‘ಎ ಪೋರ್ಕಿ ಪ್ರೈಮ್ ಕಟ್’ ಅಂತ ಕೈಬರಹ ಇರುತ್ತದೆ. ಲಿನ್‌ಟೋನ್ ಕಂಪನಿಯಲ್ಲಿ ಒತ್ತಿದ್ದಾದರೆ ಎಲ್‌ವೈಎನ್ ಅಂತ ಶುರುವಾಗುವ ನಂಬರ್. ಒಂದೇ ಸ್ಟ್ಯಾಂಪರಿನಿಂದ (ಪ್ಲೇಟು ಒತ್ತುವ ಲೋಹದ ಅಚ್ಚಿನಿಂದ) ಬಂದ ಎರಡು ಪ್ರತಿಯಲ್ಲಿ ಒಂದು ತೊಂದರೆಯೂ ಇದೆ: ಆ ಅಚ್ಚಿನಲ್ಲೇ ಇದ್ದ ಕುಂದು ಎರಡರಲ್ಲೂ ಒಂದೇ ಜಾಗದಲ್ಲಿ ಇರುತ್ತದೆ. ಅದಕ್ಕೆ ಮದ್ದಿಲ್ಲ. ಹಾಗೇ ಬಿಡುತ್ತೇನೆ.

ಇಲ್ಲಿ ಡೆಸ್ಪರೇಟ್ ಬೈಸಿಕಲ್ಸ್ ಅನ್ನುವ ಬ್ಯಾಂಡಿನ ವಿಷಯ ಹೇಳಲೇಬೇಕು. 1977ರಲ್ಲಿ ಅವರ ಮೊದಲ ಸಿಂಗಲ್ ಬಂದಾಗ ದುಡ್ಡು ಉಳಿಸಲು ಎರಡು ಹಾಡನ್ನೂ ಒಂದೇ ಬದಿಗೆ ಹಾಕಿ, ಅದೇ ಬದಿಯನ್ನು ಎರಡೂ ಕಡೆ ಒತ್ತಿಸಿದರು. ಅಂದರೆ ಒಂದು ಪ್ಲೇಟಿನಲ್ಲೇ ಎರಡು ಪ್ರತಿ! ಮೇಲಿನ ಮುಖದ ಗೀರಿಗೆ ಕೆಳಗಿನ ಮುಖದಿಂದ ತೇಪೆ. ಇಡೀ ಸಿಂಗಲ್‌ಗೆ 153 ಪೌಂಡ್ ಖರ್ಚಾಯಿತು ಅಂತ ಅವರೇ ಮುಂದಿನ ಸಿಂಗಲ್‌ನ ಕವರ್ ಮೇಲೆ ಹಾಕಿದ್ದರು. ಅವರು ಉಳಿಸಿದ ಕಾಸು ನಲವತ್ತು ಚಿಲ್ಲರೆ ವರ್ಷ ಆದ ಮೇಲೆ ನನ್ನಂಥವನಿಗೆ ಹೀಗೆ ಉಪಯೋಗಕ್ಕೆ ಬರುತ್ತದೆ ಅಂತ ಅವರು ಅಂದುಕೊಂಡಿರಲಿಕ್ಕಿಲ್ಲ.

ತೊಳೆಯುವುದು ಬಡಗಿಗಳ ಬಿಳಿ ಅಂಟಿನಿಂದ. ಇದು ನನ್ನ ಕಂಡುಹಿಡಿತ ಅಲ್ಲ, ಬಹಳ ಜನ ಮಾಡುತ್ತಾರೆ, ಅದಕ್ಕಿಂತ ಜಾಸ್ತಿ ಜನ ಹೆದರುತ್ತಾರೆ. ವಿನೈಲಿಗೆ ಆ ಅಂಟು ಹಿಡಿಯುವುದಿಲ್ಲ, ಆದರೆ ಕಾಗದದ ಲೇಬಲಿಗೆ ಹಿಡಿದರೆ ಲೇಬಲ್ ಕಿತ್ತುಕೊಂಡೇ ಬರುತ್ತದೆ. ಹಾಗಾಗಿ ಅಂಚಿನಿಂದ ಕೊನೆಯ ಗ್ರೂವ್‌ವರೆಗೆ ಮಾತ್ರ. ಅಂಟಿಗೆ ಚೂರು ನೀರು ಸೇರಿಸಿ, ಹಳೇ ಟರ್ನ್‌ಟೇಬಲ್ ಒಂದರ ಮೇಲೆ ಪ್ಲೇಟನ್ನು ಕೈಯಲ್ಲೇ ತಿರುಗಿಸುತ್ತಾ, ಪ್ಲಾಸ್ಟಿಕ್ ಕಾರ್ಡಿನ ಅಂಚಿನಿಂದ ಹರಡಬೇಕು. ತೆಳುವಾದರೆ ತೆಗೆಯುವಾಗ ಹರಿಯುತ್ತದೆ. ಒಂದು ಮಿಲಿಮೀಟರಿನಷ್ಟಾದರೂ ದಪ್ಪ ಬೇಕು. ಅಂಚಿನಲ್ಲಿ ಹಿಡಿದು ಎಳೆಯಲು ಒಂದು ಸಣ್ಣ ನಾಲಿಗೆ ಬಿಡಿ. ರಾತ್ರಿ ಹಚ್ಚಿದರೆ ಬೆಳಿಗ್ಗೆಗೆ ಬಿಳಿ ಬಣ್ಣ ಹೋಗಿ ಗಾಜಿನಂತೆ ತಿಳಿಯಾಗಿರುತ್ತದೆ. ಎಲ್ಲಾದರೂ ಬಿಳಿ ಚುಕ್ಕೆ ಉಳಿದಿದ್ದರೆ ಮುಟ್ಟಬೇಡಿ, ಅಲ್ಲಿ ಇನ್ನೂ ಹಸಿ ಇದೆ. ಈಗ ಎಳೆದರೆ ಅದು ಗ್ರೂವ್ ಒಳಗೇ ಕೂತುಬಿಡುತ್ತದೆ. ಪೂರ್ತಿ ಒಣಗಿದ್ದರೆ ಆ ನಾಲಿಗೆ ಹಿಡಿದು ನಿಧಾನವಾಗಿ ಎಳೆಯಿರಿ. ಚರ್ ಚರ್ ಅನ್ನುತ್ತಾ ಒಂದೇ ಹಾಳೆಯಾಗಿ ಏಳುತ್ತದೆ. ಆ ಹಾಳೆಯನ್ನು ಬೆಳಕಿಗೆ ಹಿಡಿದು ನೋಡಿ. ಒಳಮೈಯಲ್ಲಿ ಗ್ರೂವ್‌ಗಳ ಅಚ್ಚು ಬಿದ್ದು ಕಾಮನಬಿಲ್ಲಿನ ಬಣ್ಣ ಹೊಡೆಯುತ್ತದೆ, ನಡುನಡುವೆ ಬೂದು ಧೂಳು, ಸಿಗರೇಟಿನ ಹಳದಿ ಕಲೆ, ಒಂದೊಂದು ಕೂದಲು. ಕೆಳಗಿನ ಪ್ಲೇಟು ಕಪ್ಪಗೆ ಹೊಳೆಯುತ್ತಿರುತ್ತದೆ. ಎಳೆಯುವಾಗ ಕರೆಂಟು ತುಂಬಿಕೊಂಡು ಸುತ್ತಲಿನ ಧೂಳನ್ನೆಲ್ಲ ಮತ್ತೆ ಎಳೆದುಕೊಳ್ಳುತ್ತದೆ. ಅದಕ್ಕೇ ತಕ್ಷಣ ಡಿಸ್ಟಿಲ್ಡ್ ನೀರಿನಲ್ಲಿ ಅದ್ದುತ್ತೇನೆ. ಅಂಟಿಗೆ ನೀರಿನ ಜೊತೆ ಇನ್ನೊಂದು ಹನಿ ಏನೋ ಹಾಕುತ್ತೇನೆ, ಅದು ಏನು ಅಂತ ನೀವೇ ಪ್ರಯೋಗ ಮಾಡಿ ನೋಡಿ.

ಅಂಟು ಕೊಳೆಯನ್ನು ತೆಗೆಯುತ್ತದೆ, ಗೀರನ್ನಲ್ಲ, ಸವೆತವನ್ನೂ ಅಲ್ಲ. ಸವೆತಕ್ಕೆ ಮುಳ್ಳು ಬದಲಿಸಬೇಕು. ಈ ಪ್ಲೇಟುಗಳನ್ನು ಆಗ ಅಗ್ಗದ ಪ್ಲೇಯರ್ ಮೇಲೆ ದುಂಡು ಮುಳ್ಳಿನಲ್ಲಿ ಅರೆದುಬಿಟ್ಟಿದ್ದಾರೆ. ಆ ಮುಳ್ಳು ಗ್ರೂವ್ ಗೋಡೆಯ ಒಂದು ಎತ್ತರದಲ್ಲಿ ಮಾತ್ರ ತಾಗಿ ಅಲ್ಲೇ ತಿಂದಿರುತ್ತದೆ. ಅದಕ್ಕಿಂತ ಕೆಳಗೋ ಮೇಲೋ ಓದುವ ಮುಳ್ಳು ಹಾಕಿದರೆ ಸವೆಯದ ಜಾಗ ಸಿಗುತ್ತದೆ. ನನ್ನ ಹತ್ತಿರ ಮೂರು ಇವೆ: ಮಾಮೂಲಿ ಎಲಿಪ್ಟಿಕಲ್ (ಮೊಟ್ಟೆಯಾಕಾರದ್ದು), ಹಳೇ ಮೋನೋ (ಎಡಕ್ಕೂ ಬಲಕ್ಕೂ ಒಂದೇ ಸದ್ದಿನ) ಪ್ಲೇಟಿಗೆ ಅಂತ ಬರುವ ಸುಮಾರು 25 ಮೈಕ್ರಾನಿನ ದಪ್ಪ ದುಂಡು ಮುಳ್ಳು, ಮತ್ತೆ ಒಂದು ಫೈನ್‌ಲೈನ್ (ಗೋಡೆಗೆ ಸಣ್ಣ ಗೆರೆಯಾಗಿ ತಾಗುವಂಥದ್ದು). ಫೈನ್‌ಲೈನ್‌ಗೆ ನೂರೈವತ್ತು ಪೌಂಡಿನಷ್ಟು ಕೊಟ್ಟೆ, ಅದರ ಪ್ರತಿ ಕಾಸೂ ವಾಪಸ್ ಬಂದಿದೆ. ಯಾವ ಪ್ಲೇಟಿಗೆ ಯಾವುದು ಅನ್ನುವುದಕ್ಕೆ ನಿಯಮ ಇಲ್ಲ, ಮೂರನ್ನೂ ಹಾಕಿ ಕೇಳಬೇಕು.

ಮೋನೋ ಪ್ಲೇಟಾದರೆ ಎಡ ಬಲ ಎರಡು ಚಾನೆಲ್ ಕೂಡಿಸಿದರೇನೇ ಅರ್ಧ ಗದ್ದಲ ಹೋಗುತ್ತದೆ. ಮೋನೋ ಹಾಡು ಗ್ರೂವ್‌ನಲ್ಲಿ ಅಡ್ಡಡ್ಡ ಮಾತ್ರ ಇರುತ್ತದೆ. ಮುಳ್ಳು ಮೇಲೆ ಕೆಳಗೆ ಕುಣಿಯುವುದೆಲ್ಲ ಕೊಳೆ, ಕೂಡಿಸಿದಾಗ ಅದು ಒಂದಕ್ಕೊಂದು ಹೊಡೆದುಹೋಗುತ್ತದೆ. ನಿಜವಾಗಿ ಮೋನೋನಾ ಅಂತ ನೋಡಲು ಒಂದು ಚಾನೆಲನ್ನು ತಿರುಗುಮುರುಗು ಮಾಡಿ ಕೂಡಿಸಿ. ಹಾಡು ಮಾಯವಾಗಿ ಬರೀ ಚಟಪಟ ಉಳಿದರೆ ಮೋನೋ.

ಅಮೆರಿಕದ ಸಿಂಗಲ್‌ಗಳಲ್ಲಿ ಒಂದು ಎಚ್ಚರಿಕೆ. ಅಲ್ಲಿಯ ಎಷ್ಟೋ ಏಳಿಂಚಿನ ಪ್ಲೇಟು ವಿನೈಲ್ ಅಲ್ಲ, ಸ್ಟೈರೀನ್. ಉಗುರಿನಿಂದ ಅಂಚು ತಟ್ಟಿದರೆ ಟಣ್ ಅಂತ ತೆಳು ಸದ್ದು, ಬಾಗಿಸಲು ನೋಡಿದರೆ ಬಾಗುವುದಿಲ್ಲ. ಸ್ಟೈರೀನ್ ಬೇಗ ಸವೆಯುತ್ತದೆ. ಅದರ ಹತ್ತಿರ ನಾನು ಸ್ಪಿರಿಟ್ ತರುವುದಿಲ್ಲ, ಕೆಟ್ಟ ಪ್ರತಿಯನ್ನು ಕೊಳ್ಳುವುದೂ ಇಲ್ಲ. ತೇಪೆಗೆ ಆಗುವಷ್ಟು ಒಳ್ಳೆ ಜಾಗ ಎರಡರಲ್ಲೂ ಉಳಿದಿರುವುದಿಲ್ಲ.

ಸುತ್ತಮುತ್ತ ಬೇರೆ ಆಟಗಳನ್ನೂ ಆಡಿದೆ. ಮುಳ್ಳು ಹಾರುವಷ್ಟು ಗೀರಾದ ಪ್ಲೇಟನ್ನು 33 ವೇಗದಲ್ಲಿ ಓಡಿಸಿ, ಕಂಪ್ಯೂಟರಿನಲ್ಲಿ 1.35 ಪಟ್ಟು ವೇಗ ಏರಿಸಿದೆ. ಮುಳ್ಳು ಹಾರಲಿಲ್ಲ, ತುಂಬಾ ಖುಷಿಯಾಯಿತು. ಆದರೆ ಫೋನೋ ಆಂಪ್ಲಿಫೈಯರಿನ ಆರ್‌ಐಎಎ ಸರಿಪಡಿಸುವಿಕೆ (ಪ್ಲೇಟಿಗೆ ಕೊರೆಯುವಾಗ ಬದಲಿಸಿದ ಕೆಳಗಿನ, ಮೇಲಿನ ಸ್ವರಗಳನ್ನು ಮೊದಲಿನಂತೆ ಮಾಡುವುದು) ತಪ್ಪು ಜಾಗಕ್ಕೆ ಬೀಳುತ್ತದೆ. ಅದಿಲ್ಲದೆ ರೆಕಾರ್ಡ್ ಮಾಡಿ, ವೇಗ ಏರಿಸಿದ ಮೇಲೆ ಹಾಕಬೇಕು. 50 ಹರ್ಟ್ಸಿನ ಕರೆಂಟ್ ಗುಂಯ್ ಸದ್ದು 67ರ ಹತ್ತಿರ ಬಂದು ಬಾಸ್ ಗಿಟಾರಿನ ಮೇಲೇ ಕೂರುತ್ತದೆ, ಅದನ್ನು ಬೇರೆ ಹುಡುಕಿ ತೆಗೆಯಬೇಕು. ಈಗಲೂ ಹಾರುವ ಜಾಗಕ್ಕೆ ಮಾತ್ರ ಇದನ್ನು ಮಾಡುತ್ತೇನೆ. ಸೊಟ್ಟ ಪ್ಲೇಟನ್ನು ಎರಡು ಗಾಜಿನ ನಡುವೆ ಇಟ್ಟು ಬಿಸಿ ಕೊಟ್ಟೂ ನೋಡಿದೆ. 55 ಡಿಗ್ರಿಯ ಆಸುಪಾಸು ನೆಟ್ಟಗಾಗುತ್ತದೆ, ಆದರೆ ಸುತ್ತಿಗೊಮ್ಮೆ ಸುಯ್ ಅನ್ನುವ ಸದ್ದು ಅಂಟಿಕೊಂಡುಬಿಡುತ್ತದೆ. ಬೇಡ.

ದುಡ್ಡಿನ ಲೆಕ್ಕ ನೋಡಿ. ಸ್ಕ್ರಿಟ್ಟಿ ಪೊಲಿಟ್ಟಿ ಬ್ಯಾಂಡಿನವರು 1978ರ ತಮ್ಮ ಮೊದಲ ಸಿಂಗಲ್‌ನ ಕವರ್ ಮೇಲೆ ರೆಕಾರ್ಡಿಂಗಿಗೆ ಎಷ್ಟು, ಒತ್ತಲು ಎಷ್ಟು ಅಂತ ಖರ್ಚನ್ನೆಲ್ಲ ಬಿಚ್ಚಿ ಹಾಕಿದ್ದರು. ನಾನೂ ಪ್ರತಿ ಫೈಲಿನ ಜೊತೆ ಲೆಕ್ಕ ಹಾಕುತ್ತೇನೆ. ಎರಡು ಹಾಳು ಪ್ರತಿಗೆ ಎಂಟು ಪೌಂಡ್, ಅಂಚೆಗೆ ಒಂಬತ್ತು ಹತ್ತು, ಅಂಟು ನೀರು ಒಂದು ಪೌಂಡೂ ಇಲ್ಲ. ಇಪ್ಪತ್ತರೊಳಗೆ ಮುಗಿಯುತ್ತದೆ, ಒಳ್ಳೆ ಪ್ರತಿಗೆ ಎಪ್ಪತ್ತು. ಅಂಚೆಯೇ ದುಬಾರಿ. ಒಬ್ಬರ ಹತ್ತಿರವೇ ಕೂಡಿಟ್ಟು ಒಂದೇ ಪೆಟ್ಟಿಗೆಯಲ್ಲಿ ತರಿಸಿದರೆ ಅರ್ಧಕ್ಕರ್ಧ ಇಳಿಯುತ್ತದೆ. ಒಬ್ಬ ಮಾರಾಟಗಾರ ಗಟ್ಟಿ ರಟ್ಟು ಹಾಕದೆ ಕಳಿಸಿ ಹತ್ತು ಹನ್ನೆರಡು ಪ್ಲೇಟು ಮುರಿದು ಬಂದವು, ದುಡ್ಡು ವಾಪಸ್ ಬರಲಿಲ್ಲ. ಅವತ್ತಿನಿಂದ ಪ್ಯಾಕಿಂಗಿನ ಫೋಟೋ ನೋಡದೆ ದುಡ್ಡು ಕಳಿಸುವುದಿಲ್ಲ. ಹಾಳು ಪ್ರತಿಗಳು ಎಲ್ಲಿ ಸಿಗುತ್ತವೆ ಅನ್ನುವುದನ್ನು ನನ್ನ ಹತ್ತಿರವೇ ಇಟ್ಟುಕೊಳ್ಳುತ್ತೇನೆ.

ಹಂಚುವ ವಿಷಯದಲ್ಲಿ ನನ್ನದು ಒಂದೇ ಪಟ್ಟು: ಕೇಳದೆ ಹಂಚುವುದಿಲ್ಲ. ಬ್ರಿಟನ್ನಿನಲ್ಲಿ 2013ರಿಂದ ರೆಕಾರ್ಡಿಂಗಿನ ಹಕ್ಕು ಬಿಡುಗಡೆಯಾದ 70 ವರ್ಷದವರೆಗೆ ಇದೆ. ಅಂದರೆ 1978ರದ್ದು 2048ರವರೆಗೆ. ಒಳ್ಳೆಯ ಸಂಗತಿ ಏನೆಂದರೆ ತಾವೇ ಒತ್ತಿಸಿದವರ ಹಕ್ಕು ಬಹುಮಟ್ಟಿಗೆ ಅವರ ಕೈಯಲ್ಲೇ ಇದೆ. ಹುಡುಕಿ ಪತ್ರ ಬರೆದರೆ ಹತ್ತರಲ್ಲಿ ಏಳು ಜನ ಖುಷಿಯಾಗಿ ಹೂಂ ಅನ್ನುತ್ತಾರೆ. ಅವರಲ್ಲಿ ಎಷ್ಟೋ ಜನರ ಹತ್ತಿರ ತಮ್ಮದೇ ಸಿಂಗಲ್ ಇರುವುದಿಲ್ಲ. ಫೈಲ್ ಮೊದಲು ಅವರಿಗೆ ಹೋಗುತ್ತದೆ, ಅವರು ಕೇಳಿ ಸರಿ ಅಂದ ಮೇಲೆ ಉಳಿದವರಿಗೆ, ಪುಕ್ಕಟೆಯಾಗಿ. ಬೇಡ ಅಂದವರದ್ದು ನನ್ನ ಕಪಾಟಿನಲ್ಲೇ ಇರುತ್ತದೆ. ಬಝ್‌ಕಾಕ್ಸ್ ಬ್ಯಾಂಡಿನವರು 1977ರ ಸ್ಪೈರಲ್ ಸ್ಕ್ರಾಚ್ ಪ್ಲೇಟಿನ ಕವರಿನಲ್ಲಿ ಯಾವ ಹಾಡು ಎಷ್ಟನೇ ಟೇಕ್ (ಎಷ್ಟನೇ ಸಲ ನುಡಿಸಿದ್ದು), ಎಷ್ಟು ಓವರ್‌ಡಬ್ (ಆಮೇಲೆ ಸೇರಿಸಿದ್ದು) ಅಂತ ಬರೆದಿದ್ದರಲ್ಲ, ಹಾಗೇ ನಾನೂ ಯಾವ ಸೆಕೆಂಡಿನಲ್ಲಿ ಯಾವ ಪ್ರತಿಯ ತೇಪೆ ಇದೆ ಅಂತ ಪಟ್ಟಿ ಜೊತೆಗಿಡುತ್ತೇನೆ. ಮುಂದೆ ಯಾರಿಗಾದರೂ ಒಳ್ಳೆ ಪ್ರತಿ ಸಿಕ್ಕಿದರೆ ಅಷ್ಟು ಜಾಗ ಮಾತ್ರ ಬದಲಿಸಿಕೊಳ್ಳಬಹುದು.

ಸದ್ಯ ಹತ್ತಿಪ್ಪತ್ತು ಸಿಂಗಲ್ ಎರಡನೇ ಪ್ರತಿ ಇಲ್ಲದೆ ಅರ್ಧಕ್ಕೇ ನಿಂತಿವೆ. ನಿಮ್ಮ ಹತ್ತಿರ ಯಾರೂ ಕೇಳದ, ಬಿಸಾಡಬೇಕು ಅಂತ ಇಟ್ಟ ಪ್ಲೇಟುಗಳಿದ್ದರೆ ಬಿಸಾಡುವ ಮೊದಲು ಕೊನೆಯ ಗ್ರೂವ್ ಪಕ್ಕದ ಕೆತ್ತನೆಯ ಫೋಟೋ ಕಳಿಸಿ. ಗೀರು ಎಷ್ಟಿದ್ದರೂ ಪರವಾಗಿಲ್ಲ, ನನ್ನ ಪ್ರತಿಯ ಗೀರು ಇರುವ ಜಾಗದಲ್ಲೇ ಇರಬಾರದು, ಅಷ್ಟೇ.